ಹಿಂದಿನ ಪಿಸ್ಟನ್ ಒತ್ತಿದರೆ ಸಾಲದು, ತಿರುಗಿಸಬೇಕು

ವಾಹನ ಪ್ರಶ್ನೋತ್ತರ

ಪ್ರಶ್ನೆ: ನನ್ನದು 2011ರ ಸ್ಕೋಡಾ ಲಾರಾ. ಮುಂದಿನ ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸಿದೆ, ಸಿ-ಕ್ಲಾಂಪ್ ಹಾಕಿ ಒತ್ತಿದರೆ ಪಿಸ್ಟನ್ ಸಲೀಸಾಗಿ ಒಳಗೆ ಹೋಯಿತು. ಹಿಂದಿನ ಚಕ್ರದಲ್ಲಿ ಅದೇ ಕ್ಲಾಂಪ್ ಎಷ್ಟು ಬಿಗಿ ಮಾಡಿದರೂ ಅಲುಗಲಿಲ್ಲ. ಪಿಸ್ಟನ್ನನ್ನು ತಿರುಗಿಸುತ್ತ ಒಳಗೆ ಕಳಿಸುವ ವೈಂಡ್-ಬ್ಯಾಕ್ ಟೂಲ್ ಬೇಕು ಎನ್ನುತ್ತಾರೆ. ಅದನ್ನು ಮನೆಯಲ್ಲಿ ಬಳಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಬಳಸಬಹುದು. ಆದರೆ ಮೊದಲು ಆ ಕ್ಲಾಂಪ್ ಬಿಚ್ಚಿಡಿ. ಇನ್ನೂ ಬಿಗಿ ಮಾಡಿದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಬ್ರೇಕಿನ ಭಾಗ) ಒಳಗಿನ ಹ್ಯಾಂಡ್‌ಬ್ರೇಕ್ ಅಡ್ಜಸ್ಟರ್ ಮುರಿಯುತ್ತದೆ, ಆಮೇಲೆ ಇಡೀ ಕ್ಯಾಲಿಪರ್‌ಗೇ ದುಡ್ಡು ಸುರಿಯಬೇಕು.

ಮುಂದಿನ ಕ್ಯಾಲಿಪರ್‌ನ ಪಿಸ್ಟನ್ ಬರೀ ಟೊಳ್ಳು ಬಟ್ಟಲು. ಹಿಂದಿನದರ ಒಳಗೆ ಮರೆಯುಳ್ಳ (ಸ್ಕ್ರೂವಿನಂಥ ಸುರುಳಿ ಗೆರೆಗಳಿರುವ) ಒಂದು ರಾಡ್, ಅದರ ಮೇಲೆ ಒಂದು ನಟ್ ಇರುತ್ತವೆ. ಹ್ಯಾಂಡ್‌ಬ್ರೇಕ್ ಎಳೆದಾಗ ಕೇಬಲ್ ಕ್ಯಾಲಿಪರ್ ಬೆನ್ನಿನ ಲಿವರನ್ನು ತಿರುಗಿಸುತ್ತದೆ, ಲಿವರ್ ಆ ರಾಡನ್ನು ಮುಂದೆ ತಳ್ಳುತ್ತದೆ. ಪ್ಯಾಡ್ ಸವೆದಂತೆಲ್ಲ ನಟ್ ರಾಡಿನ ಮೇಲೆ ತಾನಾಗಿ ಮುಂದೆ ಸರಿದು ಅಂತರ ತುಂಬುತ್ತದೆ. ಹೊಸ ದಪ್ಪ ಪ್ಯಾಡ್‌ಗೆ ಜಾಗ ಮಾಡಬೇಕಾದರೆ ಆ ನಟ್ ಹಿಂದಕ್ಕೆ ಬರಬೇಕು. ಪಿಸ್ಟನ್ನನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸಿದರೆ ಮಾತ್ರ ಅದು ಬರುತ್ತದೆ.

ಟೂಲ್ ಸೆಟ್ ಪೆಟ್ಟಿಗೆಯಲ್ಲಿ ಮರೆ ಇರುವ ಹಿಡಿಕೆ, ಆಸರೆ ಪ್ಲೇಟ್, ಬೇರೆ ಬೇರೆ ಮೊಳೆಗಳಿರುವ ಅಡಾಪ್ಟರ್‌ಗಳು ಇರುತ್ತವೆ. ಬಲಮರೆ, ಎಡಮರೆ ಎರಡೂ ಹಿಡಿಕೆಗಳಿರುವ ಸೆಟ್ಟನ್ನೇ ಕೊಳ್ಳಿ. ಲಾರಾದಲ್ಲಿ ಎರಡೂ ಬದಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಕೆಲವು ಕಾರುಗಳಲ್ಲಿ ಒಂದು ಬದಿ ಉಲ್ಟಾ ಇರುತ್ತದೆ, ಆಗ ಎಡಮರೆ ಹಿಡಿಕೆ ಇಲ್ಲದೆ ನಡೆಯದು. ರ‍್ಯಾಚೆಟ್‌ಗೆ ಸಿಕ್ಕಿಸುವ ಚೌಕಾಕಾರದ ಅಗ್ಗದ ಗಟ್ಟಿಯೂ ಸಿಗುತ್ತದೆ. ಅದು ತಿರುಗಿಸುತ್ತದೆಯೇ ಹೊರತು ಒತ್ತುವುದಿಲ್ಲ. ಒತ್ತಡವಿಲ್ಲದೆ ತಿರುಗಿಸಿದರೆ ಪಿಸ್ಟನ್ ಇದ್ದಲ್ಲೇ ಗಿರಗಿರ ತಿರುಗುತ್ತದೆ, ಒಳಗೆ ಹೋಗುವುದಿಲ್ಲ.

ಇನ್ನು ಕೆಲಸ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿರಬೇಕು, ಅಂದರೆ ಕಾರನ್ನು ಹಿಡಿದಿಡಲು ಹ್ಯಾಂಡ್‌ಬ್ರೇಕ್ ಇರುವುದಿಲ್ಲ ಎನ್ನುವುದು ನೆನಪಿರಲಿ. ಸಮತಟ್ಟಾದ ಗಟ್ಟಿ ನೆಲ, ಮೊದಲನೇ ಗೇರ್, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ. ಜಾಕ್ ಎತ್ತುವುದಕ್ಕೆ ಮಾತ್ರ, ನಿಲ್ಲಿಸುವುದಕ್ಕೆ ಆಕ್ಸಲ್ ಸ್ಟ್ಯಾಂಡ್ ಬೇಕು. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ಮೇಲಿನ ಗೆರೆಯವರೆಗೆ ಇದ್ದರೆ ಹೊಸ ಸಿರಿಂಜಿನಿಂದ ಸ್ವಲ್ಪ ತೆಗೆಯಿರಿ. ಪಿಸ್ಟನ್ ಒಳಗೆ ಹೋದಂತೆ ಆಯಿಲ್ ಅಲ್ಲಿಗೇ ವಾಪಸು ಬರುತ್ತದೆ. ಉಕ್ಕಿ ಚೆಲ್ಲಿದರೆ ಪೇಂಟ್ ಎದ್ದುಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ.

ಚಕ್ರ ಬಿಚ್ಚಿ. ಕ್ಯಾಲಿಪರ್‌ನ 13ರ ಬೋಲ್ಟ್ ಬಿಚ್ಚುವಾಗ ಒಳಗಿನ ಗೈಡ್ ಪಿನ್ನನ್ನು (ಕ್ಯಾಲಿಪರ್ ಜಾರುವ ಕಡ್ಡಿ) 15ರ ತೆಳು ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಿ, ಇಲ್ಲವಾದರೆ ಪಿನ್ನೂ ಜೊತೆಗೇ ತಿರುಗಿ ಅದರ ರಬ್ಬರ್ ಹರಿಯುತ್ತದೆ. ಕ್ಯಾಲಿಪರನ್ನು ಹೋಸ್ ಮೇಲೆ ನೇತುಬಿಡಬೇಡಿ, ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿ. ಬ್ರೇಕ್ ಧೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ, ಬ್ರೇಕ್ ಕ್ಲೀನರ್ ಹೊಡೆದು ಒರೆಸಿ.

ಪಿಸ್ಟನ್ ಮುಖದ ಕಚ್ಚುಗಳಿಗೆ ಹೊಂದುವ ಅಡಾಪ್ಟರ್ ಆರಿಸಿ. ಕೂರಿಸಿ ಅಲುಗಾಡಿಸಿದರೆ ಲೊಡಲೊಡ ಅನ್ನಬಾರದು. ಆಸರೆ ಪ್ಲೇಟನ್ನು ಕ್ಯಾಲಿಪರ್‌ನ ಹೊರಬೆರಳುಗಳಿಗೆ ಆನಿಸಿ, ಹಿಡಿಕೆ ಬಿಗಿಯಾಗುವಷ್ಟು ತಿರುಗಿಸಿ, ನಂತರ ನಿಧಾನವಾಗಿ ಅರ್ಧರ್ಧ ಸುತ್ತು. ಕೈಬಲ ಸಾಕು. ಹಿಡಿಕೆಗೆ ಪೈಪ್ ಸಿಕ್ಕಿಸುವ ಯೋಚನೆ ಬಂತೆಂದರೆ ಏನೋ ತಪ್ಪಾಗಿದೆ: ದಿಕ್ಕು ಉಲ್ಟಾ ಆಗಿರಬೇಕು, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದ ಸ್ಥಿತಿಯಲ್ಲಿರಬೇಕು, ಇಲ್ಲವೇ ಪಿಸ್ಟನ್ ತುಕ್ಕು ಹಿಡಿದಿರಬೇಕು. ಪಿಸ್ಟನ್ ತಳ ಮುಟ್ಟಿದ ಮೇಲೆ ಒಂದು ಎಳೆಯೂ ಹೆಚ್ಚು ತಿರುಗಿಸಬೇಡಿ.

ಪ್ಯಾಡ್ ಕೂರಿಸುವ ಮುಂಚೆ ಡಿಸ್ಕಿನ ದಪ್ಪ ಅಳೆಯಿರಿ. ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೇ ಕೆತ್ತಿರುತ್ತಾರೆ, ಅದಕ್ಕಿಂತ ಕಮ್ಮಿ ಇದ್ದರೆ ಬರೀ ಪ್ಯಾಡ್ ಹಾಕಿ ಪ್ರಯೋಜನವಿಲ್ಲ. ಕ್ಯಾಲಿಪರ್ ಬೋಲ್ಟ್ ಹೊಸದೇ ಇರಲಿ, 35 ನ್ಯೂಟನ್ ಮೀಟರ್. ಚಕ್ರದ ಬೋಲ್ಟ್ 120.

ಪ್ರಶ್ನೆ: ಹೋಂಡಾ ಸಿವಿಕ್ 2009. ಹಿಂದಿನ ಪ್ಯಾಡ್ ಹಾಕಿಸಿದ ಕೆಲವೇ ತಿಂಗಳಿಗೆ ಎಡಬದಿಯ ಒಳ ಪ್ಯಾಡ್ ಓರೆಯಾಗಿ ಸವೆದಿದೆ. ಹೊರ ಪ್ಯಾಡ್ ಹೊಸದರಂತಿದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಸವೆದ ಪ್ಯಾಡ್ ಬಿಸಾಡುವ ಮುಂಚೆ ಅದರ ಬೆನ್ನು ನೋಡಿ. ಅಲ್ಲೊಂದು ಪುಟ್ಟ ಗುಬುಟು ಇರುತ್ತದೆ. ಅದು ಪಿಸ್ಟನ್ ಮುಖದ ಕಚ್ಚಿನೊಳಗೆ ಕೂರಬೇಕು. ಪಿಸ್ಟನ್ ಒಳಗೆ ತಿರುಗಿಸಿ, ಕಚ್ಚು ಎಲ್ಲಿ ನಿಂತಿತೋ ಅಲ್ಲಿಗೇ ಪ್ಯಾಡ್ ಹಾಕಿಬಿಟ್ಟರೆ ಗುಬುಟು ಪಿಸ್ಟನ್ ಅಂಚಿನ ಮೇಲೆ ಹತ್ತಿ ಕೂರುತ್ತದೆ, ಪ್ಯಾಡ್ ಓರೆಯಾಗಿ ಡಿಸ್ಕನ್ನು ಒತ್ತುತ್ತದೆ. ಗುಬುಟಿಗೆ ಇನ್ನೊಂದು ಕೆಲಸವೂ ಉಂಟು. ಪಿಸ್ಟನ್ ತಿರುಗದಂತೆ ಅದೇ ಹಿಡಿದಿಡುತ್ತದೆ, ಪಿಸ್ಟನ್ ತಿರುಗಿದರೆ ಒಳಗಿನ ಅಡ್ಜಸ್ಟರ್ ಸರಿಯಾಗಿ ಮುಂದೆ ಸರಿಯದು. ಪ್ಯಾಡ್ ಬೆನ್ನಿನಲ್ಲಿ ಪಿಸ್ಟನ್ ಅಂಚಿನ ಅರ್ಧಚಂದ್ರದ ಅಚ್ಚು ಒಂದೇ ಕಡೆ ಕಂಡರೆ ಅನುಮಾನವೇ ಬೇಡ. ಪಿಸ್ಟನ್ ತಳ ಮುಟ್ಟಿದ ಮೇಲೆ ಗುಬುಟಿಗೆ ಎದುರಾಗುವಷ್ಟು ಹಿಂದೆ ತಿರುಗಿಸಿ ಸರಿಹೊಂದಿಸಬೇಕು.

ಅಚ್ಚು ಸಮನಾಗಿದ್ದರೆ ಗೈಡ್ ಪಿನ್ ಕಡೆ ನೋಡಿ. ಪಿನ್ ಬಿಗಿಹಿಡಿದಿದ್ದರೆ ಕ್ಯಾಲಿಪರ್ ಜಾರುವುದಿಲ್ಲ, ಒಳ ಪ್ಯಾಡ್ ಒಂದೇ ದುಡಿಯುತ್ತದೆ. ಪಿನ್ ಬೆರಳಿನಿಂದ ತಳ್ಳಿದರೆ ಹೋಗಿ ಬರಬೇಕು. ತೊಳೆದು ಸಿಲಿಕೋನ್ ಗ್ರೀಸ್ ಹಚ್ಚಿ. ಗ್ಯಾರೇಜಿನ ಮಾಮೂಲಿ ಹಳದಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಮತ್ತೆ ಅದೇ ಕಥೆ.

ಪ್ರಶ್ನೆ: ಟೂಲ್ ಇಲ್ಲದೆ ನೋಸ್ ಪ್ಲೈಯರ್‌ನಿಂದ ತಿರುಗಿಸಬಹುದಲ್ಲವೇ?
– ಓದುಗರು, ತುಮಕೂರು

ಉತ್ತರ: ಒತ್ತಡ ಸಾಲದು, ಜಾರಿದರೆ ತುದಿ ಹೋಗಿ ಚುಚ್ಚುವುದು ಪಿಸ್ಟನ್ ಸುತ್ತಲಿನ ರಬ್ಬರ್ ಬೂಟಿಗೆ. ಬೂಟ್ ತೂತಾದರೆ ಒಂದು ಮಳೆಗಾಲ ಸಾಕು, ಪಿಸ್ಟನ್ ತುಕ್ಕು ಹಿಡಿಯುತ್ತದೆ. ಬೇಡ.

ಪ್ರಶ್ನೆ: ಟೂಲ್‌ನಿಂದ ತಿರುಗಿಸುವಾಗ ಪಿಸ್ಟನ್ ಜೊತೆ ರಬ್ಬರ್ ಬೂಟೂ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತು. ಭಯವಾಗಿ ನಿಲ್ಲಿಸಿದ್ದೇನೆ.
– ಓದುಗರು, ಉಡುಪಿ

ಉತ್ತರ: ನಿಲ್ಲಿಸಿದ್ದು ಒಳ್ಳೆಯದಾಯಿತು. ನಿಮ್ಮ ಕಡೆಯ ಉಪ್ಪುಗಾಳಿ, ತಿಂಗಳುಗಟ್ಟಲೆ ಮಳೆಗೆ ಬೂಟಿನ ತುಟಿ ಪಿಸ್ಟನ್‌ಗೆ ಅಂಟಿಕೊಂಡಿರುತ್ತದೆ. ತಿರುಗಿಸಿದಷ್ಟೇ ಹಿಂದಕ್ಕೆ ತಿರುಗಿಸಿ ಸುರುಳಿ ಬಿಡಿಸಿ. ಪ್ಲಾಸ್ಟಿಕ್ಕಿನ ಮೊಂಡು ಕಡ್ಡಿಯಿಂದ ತುಟಿಯನ್ನು ಮೆಲ್ಲಗೆ ಎಬ್ಬಿಸಿ, ಸುತ್ತಲೂ ತೆಳುವಾಗಿ ಸಿಲಿಕೋನ್ ಗ್ರೀಸ್ ತಗುಲಿಸಿ ಮತ್ತೆ ತಿರುಗಿಸಿ. ಬೂಟ್ ನಿಂತಲ್ಲೇ ನಿಂತು ಪಿಸ್ಟನ್ ಮಾತ್ರ ತಿರುಗಬೇಕು. ತುಟಿ ಎಬ್ಬಿಸಿದಾಗ ಒಳಗೆ ಕಂದು ತುಕ್ಕು ಅಥವಾ ಒದ್ದೆ ಕಂಡರೆ ಮುಂದುವರಿಯಬೇಡಿ. ಆ ತುಕ್ಕು ಒಳಗಿನ ಸೀಲನ್ನು ಗೀರುತ್ತದೆ, ಬ್ರೇಕ್ ಆಯಿಲ್ ಸೋರಲು ಶುರುವಾಗುತ್ತದೆ. ಅಂಥ ಕ್ಯಾಲಿಪರ್ ರಿಪೇರಿಗೆ ಹೋಗಲಿ.

ಪ್ರಶ್ನೆ: ನಮ್ಮ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಲಿವರ್ ಇಲ್ಲ, ಗುಂಡಿ ಮಾತ್ರ. ಇದೇ ಟೂಲ್ ಸಾಕೇ?
– ಓದುಗರು, ಬೆಂಗಳೂರು

ಉತ್ತರ: ಸಾಲದು. ಗುಂಡಿಯ ಪಾರ್ಕಿಂಗ್ ಬ್ರೇಕ್‌ನಲ್ಲಿ ಸಾಮಾನ್ಯವಾಗಿ ಕ್ಯಾಲಿಪರ್ ಬೆನ್ನಿಗೇ ಪುಟ್ಟ ಮೋಟರ್ ಇರುತ್ತದೆ. ಮೊದಲು ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಉಪಕರಣ) ಹಾಕಿ, ಅಥವಾ ಕಾರಿನ ಮ್ಯಾನುಯಲ್‌ನಲ್ಲಿ ಹೇಳಿರುವ ಕ್ರಮದಲ್ಲಿ, ಸರ್ವಿಸ್ ಮೋಡ್‌ಗೆ ತಂದು ಮೋಟರ್ ಹಿಂದಕ್ಕೆ ಸರಿಯುವಂತೆ ಮಾಡಬೇಕು. ಆಮೇಲೆ ಇಂಥ ಹೆಚ್ಚಿನ ಕ್ಯಾಲಿಪರ್‌ಗಳಲ್ಲಿ ಪಿಸ್ಟನ್ ನೇರವಾಗಿ ಒಳಗೆ ಹೋಗುತ್ತದೆ, ತಿರುಗಿಸುವ ಕೆಲಸವಿಲ್ಲ. ಸರ್ವಿಸ್ ಮೋಡ್ ಇಲ್ಲದೆ ಒತ್ತಿದರೆ ಮೋಟರಿನ ಗೇರ್ ಮುರಿಯುತ್ತದೆ. ಕೆಲಸದ ನಡುವೆ ಯಾರೋ ಗುಂಡಿ ಒತ್ತಿದರೆ ಬೆರಳು ಸಿಕ್ಕಿಹಾಕಿಕೊಳ್ಳುವ ಅಪಾಯವೂ ಇದೆ. ಕೀ ನಿಮ್ಮ ಜೇಬಿನಲ್ಲಿರಲಿ, ಮಕ್ಕಳು ಕಾರಿನ ಹತ್ತಿರ ಬರದಿರಲಿ.

ಪ್ರಶ್ನೆ: ಪ್ಯಾಡ್ ಹಾಕಿದ ಮೇಲೆ ಹ್ಯಾಂಡ್‌ಬ್ರೇಕ್ ತುಂಬಾ ಮೇಲಕ್ಕೆ ಬರುತ್ತಿತ್ತು. ಕೇಬಲ್ ಬಿಗಿ ಮಾಡಿದೆ. ಈಗ ಒಂದು ಹಿಂದಿನ ಚಕ್ರ ಬಿಸಿಯಾಗುತ್ತದೆ.
– ಓದುಗರು, ಮೈಸೂರು

ಉತ್ತರ: ಕೇಬಲ್‌ಗೆ ಕೈ ಹಾಕಿದ್ದೇ ಎಡವಟ್ಟು. ಪಿಸ್ಟನ್ ಪೂರ್ತಿ ಒಳಗೆ ಹೋಗಿರುವಾಗ ಪ್ಯಾಡ್ ಡಿಸ್ಕಿನಿಂದ ದೂರವಿರುತ್ತದೆ, ಹ್ಯಾಂಡ್‌ಬ್ರೇಕ್ ಎತ್ತರಕ್ಕೆ ಬರುವುದು ಸಹಜ. ಕೆಲಸ ಮುಗಿದ ಕೂಡಲೇ, ಕಾರು ಸ್ಟಾರ್ಟ್ ಮಾಡಿ ಹೊರಡುವ ಮುಂಚೆಯೇ, ಬ್ರೇಕ್ ಪೆಡಲನ್ನು ಮತ್ತೆ ಮತ್ತೆ ಒತ್ತಬೇಕು. ಮೊದಲೆರಡು ಸಲ ಪೆಡಲ್ ನೆಲ ಮುಟ್ಟುತ್ತದೆ. ಅದು ಗಟ್ಟಿಯಾಗುವವರೆಗೆ ಕಾರು ಕದಲಿಸಕೂಡದು, ಗೇಟಿನಿಂದ ರಸ್ತೆಗೆ ಇಳಿಯುವಾಗ ಬ್ರೇಕೇ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಬಿಡುವುದು ಅದಾದ ಮೇಲೆ.

ಈಗ ಕೇಬಲ್ ಸಡಿಲಿಸಿ. ಹ್ಯಾಂಡ್‌ಬ್ರೇಕ್ ಇಳಿಸಿದಾಗ ಎರಡೂ ಕ್ಯಾಲಿಪರ್‌ಗಳ ಲಿವರ್ ಹಿಂದಿನ ತಡೆಗೆ ತಾಗಿ ನಿಲ್ಲಬೇಕು. ಒಂದು ಬದಿಯ ಲಿವರ್ ಅರ್ಧಕ್ಕೇ ನಿಂತು, ಕೈಯಿಂದ ತಳ್ಳಿದರೆ ಮಾತ್ರ ಹೋಗುವಂತಿದ್ದರೆ ಆ ಬದಿಯ ಕೇಬಲ್ಲನ್ನು ಲಿವರ್‌ನಿಂದ ಕಳಚಿ ನೋಡಿ. ಕಳಚಿದಾಗ ಲಿವರ್ ಪಟ್ಟನೆ ಹಿಂದೆ ಹೋದರೆ ದೋಷ ಕೇಬಲ್‌ನದು. ಹೋಗದಿದ್ದರೆ ಲಿವರ್‌ನ ಶಾಫ್ಟ್ ತುಕ್ಕು ಹಿಡಿದಿದೆ, ಕ್ಯಾಲಿಪರ್ ಬದಲಿಸಬೇಕಾಗುತ್ತದೆ. ಎರಡೂ ಸರಿಯಿದ್ದರೆ ಪೆಡಲ್ ಒತ್ತಿ ಗಟ್ಟಿ ಮಾಡಿ, ಆಮೇಲಷ್ಟೇ ಕೇಬಲ್ ಹೊಂದಿಸಿ. ಹೊಸ ಪ್ಯಾಡ್‌ಗಳಿಗೆ ಮೊದಲ 200–300 ಕಿಲೋಮೀಟರ್ ಜೋರು ಬ್ರೇಕ್ ಹಾಕಬೇಡಿ. ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹತ್ತು ಹನ್ನೆರಡು ಸಲ ಮೆಲ್ಲಗೆ ಇಳಿಸಿ, ನಡುನಡುವೆ ಡಿಸ್ಕ್ ತಣಿಯಲು ಬಿಡಿ. ವಾಪಸು ಬಂದ ಮೇಲೆ ಎರಡೂ ರಿಮ್‌ಗಳ ಹತ್ತಿರ ಅಂಗೈ ಹಿಡಿದರೆ ಬಿಸಿ ಹೆಚ್ಚುಕಮ್ಮಿ ಒಂದೇ ಇರಬೇಕು.