ಮಾತು ಬರುತ್ತಿರುವಾಗಲೇ ಕೇಳಬೇಕಾದ ಲೆಕ್ಕ: ಒಂದು ಆಪ್ತಸಲಹೆ ಪ್ರಕರಣ

ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಊರು, ವೃತ್ತಿ, ವಯಸ್ಸು ಮುಂತಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರಿಗೆ ಅರವತ್ತರ ಆಸುಪಾಸಿನಲ್ಲಿ ಮೆದುಳಿನ ಗಡ್ಡೆ ಪತ್ತೆಯಾಗಿ, ಶಸ್ತ್ರಚಿಕಿತ್ಸೆ ಮುಗಿದು, ವಿಕಿರಣ ಚಿಕಿತ್ಸೆ ನಡೆಯುತ್ತಿತ್ತು. ಬಲಗೈಯಲ್ಲಿ ಶಕ್ತಿ ಉಳಿದಿರಲಿಲ್ಲ; ಹೇಳಬೇಕೆಂದಿದ್ದ ಪದ ಬಾಯಿಗೆ ಬರದೆ ತಡವರಿಸುತ್ತಿದ್ದರು. ಮುಂದೆ ಗ್ರಹಿಕೆಯೂ ಕುಂದಬಹುದು ಎಂದು ವೈದ್ಯರು ಮನೆಯವರಿಗೆ ಸ್ಪಷ್ಟವಾಗಿ ತಿಳಿಸಿದ್ದರು. ನನ್ನ ಬಳಿ ಬಂದವರು ಅವರ ಹಿರಿಯ ಮಗಳು, ಮದುವೆಯಾಗಿ ಬೇರೆ ಊರಿನಲ್ಲಿ ಶಿಕ್ಷಕಿಯಾಗಿರುವವರು. ರಾತ್ರಿ ನಿದ್ದೆ ಬರುತ್ತಿಲ್ಲ, ತರಗತಿಯಲ್ಲಿ ಪಾಠ ಮರೆತುಹೋಗುತ್ತಿದೆ ಎಂಬುದು ಅವರು ಹೇಳಿಕೊಂಡ ತೊಂದರೆ.

ಮಾತಿನ ನಡುವೆ ಅವರ ಕೈಚೀಲದಲ್ಲಿದ್ದ ಎರಡನೆಯ ಮೊಬೈಲು ಮತ್ತೆ ಮತ್ತೆ ಅದುರುತ್ತಿತ್ತು. ಅದು ಅಪ್ಪನ ಮೊಬೈಲು. ಪರದೆಯ ಮೇಲೆ ‘ಫೈನಾನ್ಸ್ 2’ ಎಂದು ಮೂಡುತ್ತಿತ್ತು. ಫೈನಾನ್ಸ್ ಒಂದು ಯಾವುದು, ಎರಡು ಯಾವುದು ಎಂದು ಮಗಳಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪನ ತಲೆದಿಂಬಿನ ಬಳಿ ಈ ಕರೆಗಳು ಬರುವುದನ್ನು ಸಹಿಸಲಾರದೆ ಮೊಬೈಲನ್ನೇ ತಮ್ಮ ಬಳಿ ಇಟ್ಟುಕೊಂಡಿದ್ದರು.

ಒಂದೊಂದಾಗಿ ಕೇಳುತ್ತ ಹೋದಾಗ ಮನೆಯ ಚಿತ್ರ ತೆರೆದುಕೊಂಡಿತು. ಸಹಕಾರ ಸಂಘದ ಬೆಳೆಸಾಲ ಇರುವುದು ಎಲ್ಲರಿಗೂ ಗೊತ್ತಿತ್ತು. ತಾಳಿಸರವೊಂದನ್ನು ಬಿಟ್ಟು ಉಳಿದ ಚಿನ್ನವೆಲ್ಲ ಬ್ಯಾಂಕಿನಲ್ಲಿ ಅಡವಿರುವುದು ಅಮ್ಮನಿಗೆ ಮಾತ್ರ ಗೊತ್ತಿತ್ತು. ಅಡಿಕೆ ಮಂಡಿಯಿಂದ ಎರಡು ವರ್ಷದ ಫಸಲಿನ ಮೇಲೆ ಮುಂಗಡ ಎತ್ತಿರುವುದು ಮನೆಯಲ್ಲೇ ಇದ್ದು ತೋಟ ನೋಡಿಕೊಳ್ಳುತ್ತಿದ್ದ ತಮ್ಮನಿಗೆ ತಿಳಿದಿತ್ತು. ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ಹಾಕಿರುವುದು ಚಿಕ್ಕಪ್ಪನಿಗೆ ಗೊತ್ತಿತ್ತು. ಪ್ರತಿಯೊಬ್ಬರೂ ಇನ್ನೊಬ್ಬರಿಗೆ ನೋವಾಗದಿರಲಿ ಎಂದು ತಮಗೆ ಗೊತ್ತಿದ್ದುದನ್ನು ಬಚ್ಚಿಟ್ಟುಕೊಂಡಿದ್ದರು. ಎಲ್ಲರೂ ಸೇರಿ ರೋಗಿಯ ಎದುರು ಹಣದ ಮಾತನ್ನೇ ನಿಲ್ಲಿಸಿದ್ದರು. ಇಂಥ ಕುಟುಂಬಗಳಲ್ಲಿ ಸಾಲಕ್ಕಿಂತ ಮೊದಲು ಮನುಷ್ಯರನ್ನು ಹಣ್ಣು ಮಾಡುವುದು ಈ ಮೌನ ಎಂಬುದು ನನ್ನ ದೃಢ ಅಭಿಪ್ರಾಯ.

ಮಗಳ ಸಂಕಟಕ್ಕೆ ಎರಡು ಬೇರುಗಳಿದ್ದವು. ಲೆಕ್ಕ ಕೇಳಿದರೆ ‘ನೀವು ಇನ್ನು ಉಳಿಯುವುದಿಲ್ಲ’ ಎಂದು ಅಪ್ಪಯ್ಯನಿಗೆ ಹೇಳಿದಂತಾಗುತ್ತದೆ ಎಂಬ ಅಳುಕು ಒಂದು. ಮದುವೆಯಾಗಿ ಹೋದ ಮಗಳು ಕಾಗದಪತ್ರ ಕೇಳಿದರೆ ಪಾಲಿಗೆ ಬಂದಳು ಎಂದು ತಮ್ಮ ಭಾವಿಸುತ್ತಾನೆ ಎಂಬ ಭಯ ಇನ್ನೊಂದು. ಇವೆರಡರ ಅಡಿಯಲ್ಲಿ ಅಪ್ಪನ ಮೇಲೆ ಸಿಟ್ಟೂ ಇತ್ತು, ಸಿಟ್ಟು ಬಂದ ಮರುಗಳಿಗೆಯೇ ಕಾಯಿಲೆಯ ಮನುಷ್ಯನ ಮೇಲೆ ಇದೆಂಥ ಸಿಟ್ಟು ಎಂಬ ಪಾಪಪ್ರಜ್ಞೆಯೂ ಇತ್ತು. ಆ ಸಿಟ್ಟು ಪ್ರೀತಿಯ ವಿರೋಧಿಯಲ್ಲ ಎಂದು ಹೇಳಿ, ಅದನ್ನು ಪೂರ್ತಿ ಆಡಿ ಮುಗಿಸಲು ಅವರಿಗೆ ಸಮಯ ಕೊಟ್ಟೆ. ಬ್ಯಾಂಕು, ಕಾನೂನುಗಳ ಮಾತನ್ನು ಆಮೇಲೆ ಎತ್ತಿದೆ. ಮನಸ್ಸು ಒಂದಿಷ್ಟು ತಣಿಯದೆ ಯಾವ ಸಲಹೆಯೂ ತಲೆಗೆ ಇಳಿಯುವುದಿಲ್ಲ.

ನಾನು ಕೊಟ್ಟ ಮೊದಲ ಸಲಹೆ, ಅಪ್ಪನನ್ನೇ ಕೇಳಿ ಎಂಬುದು. ಸಾಲ ಅವರದು, ಆಸ್ತಿ ಅವರದು, ಬುದ್ಧಿ ಇನ್ನೂ ಅವರ ವಶದಲ್ಲಿದೆ. ಅವರನ್ನು ಬಿಟ್ಟು ಅವರ ವ್ಯವಹಾರ ನಡೆಸುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ಹೇಗೆ ಕೇಳಬೇಕೆಂಬುದನ್ನು ನಾವು ಕುಳಿತು ಅಭ್ಯಾಸ ಮಾಡಿದೆವು. ಬೆಳಿಗ್ಗೆ, ಅವರು ದಣಿದಿಲ್ಲದ ಹೊತ್ತಿನಲ್ಲಿ, ಅಮ್ಮ ಮತ್ತು ತಮ್ಮ ಇಬ್ಬರೂ ಎದುರಿಗಿರುವಾಗ ಕೇಳಬೇಕು. ‘ಒಟ್ಟು ಎಷ್ಟು ಸಾಲ ಮಾಡಿದ್ದೀರಿ’ ಎಂಬ ಪ್ರಶ್ನೆ ಬೇಡ. ಅದರಲ್ಲಿ ಆಪಾದನೆ ಇದೆ, ಪದ ಸಿಗದವರಿಗೆ ಉತ್ತರಿಸಲೂ ಆಗದು. ‘ಅಪ್ಪಯ್ಯ, ಸಂಘದ್ದು ಕಟ್ಟುವ ದಿನ ತಪ್ಪಬಾರದಲ್ಲ, ಯಾವ ತಿಂಗಳು?’ ಎಂಬಂಥ, ಒಂದೇ ಪದದಲ್ಲೋ ತಲೆಯಾಡಿಸಿಯೋ ಉತ್ತರಿಸಬಹುದಾದ ಸಣ್ಣ ಪ್ರಶ್ನೆಗಳು ಸಾಕು. ದಣಿದರೆ ನಿಲ್ಲಿಸಿ ಮರುದಿನ ಮುಂದುವರಿಸಬೇಕು.

ಮುಂದಿನ ಭೇಟಿಯಲ್ಲಿ ಮಗಳು ಹಳೆಯ ಪಂಚಾಂಗವೊಂದನ್ನು ತಂದಿದ್ದರು. ಕೇಳಿದ ಕೂಡಲೇ ಅಪ್ಪ ಎಡಗೈ ಎತ್ತಿ ಗೋಡೆಯ ಮೊಳೆಗೆ ತೂಗುಹಾಕಿದ್ದ ಅದನ್ನು ತೋರಿಸಿದರಂತೆ. ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ‘ಮಂ’, ‘ಸಂ’, ‘ಚೀ’ ಎಂಬ ಅಕ್ಷರಗಳೂ ಎದುರಿಗೆ ಮೊತ್ತಗಳೂ ಇದ್ದವು. ಮಂಡಿ, ಸಂಘ, ಚೀಟಿ. ಒಂದು ಕಡೆ ಮಾತ್ರ ಅಕ್ಷರವಿಲ್ಲದೆ ಸುತ್ತು ಹಾಕಿದ ಮೊತ್ತವಿತ್ತು. ಅದು ಜಾಮೀನಿನದು. ಅದನ್ನು ಒಪ್ಪಿಕೊಳ್ಳುವಾಗ ಅವರು ಅತ್ತರು, ಮತ್ತು ಆ ಮಧ್ಯಾಹ್ನ ಬಹಳ ದಿನಗಳ ನಂತರ ನಿರಾಳವಾಗಿ ಮಲಗಿದರು ಎಂದು ಮಗಳು ಹೇಳಿದರು. ಮನೆಯವರು ಮುಚ್ಚಿಟ್ಟು ಅವರನ್ನು ಕಾಪಾಡಿದ್ದೇವೆ ಎಂದುಕೊಂಡಿದ್ದ ಅಷ್ಟೂ ದಿನ ಅವರು ಒಬ್ಬರೇ ಈ ಲೆಕ್ಕವನ್ನು ಮನಸ್ಸಿನಲ್ಲಿ ಹೊತ್ತುಕೊಂಡಿದ್ದರು.

ಪಂಚಾಂಗದ ಲೆಕ್ಕವನ್ನು ಇತರ ದಾಖಲೆಗಳೊಂದಿಗೆ ತಾಳೆ ನೋಡಲು ಹೇಳಿದೆ. ಸಿಬಿಲ್‌ನಂಥ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ಣ ವರದಿ ಕೊಡಬೇಕು. ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ಸಾಲ, ಜಾಮೀನುಗಳು ಅದರಲ್ಲಿ ಸಾಮಾನ್ಯವಾಗಿ ಕಾಣುತ್ತವೆ. ಅಪ್ಪನ ಒಪ್ಪಿಗೆಯಿಂದ ಅವರ ಮೊಬೈಲಿನಲ್ಲೇ ಅದನ್ನು ತೆಗೆಯಬಹುದು. ಜಮೀನಿನ ಮೇಲಿನ ಸಾಲ ಪಹಣಿಯ 11ನೇ ಕಾಲಂನಲ್ಲಿ ಸಿಗುತ್ತದೆ, ನೋಂದಾಯಿತ ಅಡಮಾನಗಳು ಋಣಭಾರ ಪ್ರಮಾಣಪತ್ರದಲ್ಲಿ ಸಿಗುತ್ತವೆ. ಕೈಸಾಲ ಮತ್ತು ಮಂಡಿಯ ಲೆಕ್ಕಕ್ಕೆ ಮಾತ್ರ ಅಪ್ಪನ ನೆನಪೇ ದಾಖಲೆ. ‘ಫೈನಾನ್ಸ್ 2’ ಟ್ರ್ಯಾಕ್ಟರ್ ಸಾಲ ಕೊಟ್ಟ ಕಂಪನಿ ಎಂಬುದು ಹೀಗೆ ಗೊತ್ತಾಯಿತು.

ಇದೇ ಹೊತ್ತಿನಲ್ಲಿ ಅಪ್ಪನ ಎಟಿಎಂ ಕಾರ್ಡ್‌ನಿಂದ ತಮ್ಮನು ಆಸ್ಪತ್ರೆಯ ಖರ್ಚಿಗೆ ಹಣ ತೆಗೆಯುತ್ತಿದ್ದುದೂ, ಅಪ್ಪ ಎಡಗೈಯಲ್ಲಿ ಹಾಕಿದ ಸಹಿ ಹೊಂದುವುದಿಲ್ಲವೆಂದು ಚೆಕ್ಕೊಂದು ವಾಪಸು ಬಂದಿದ್ದುದೂ ತಿಳಿಯಿತು. ಕಾರ್ಡು ಮತ್ತು ಪಿನ್ ಬೇರೆಯವರ ಕೈಗೆ ಕೊಡುವುದು ಬ್ಯಾಂಕಿನ ನಿಯಮಕ್ಕೆ ವಿರುದ್ಧ; ಸದುದ್ದೇಶದಿಂದ ತೆಗೆದ ಹಣವೂ ನಾಳೆ ಒಡಹುಟ್ಟಿದವರ ನಡುವೆ ಅನುಮಾನದ ಬೀಜವಾಗುತ್ತದೆ. ಸಹಿ ಹಾಕಲಾರದ ರೋಗಿಗೆ ರಿಸರ್ವ್ ಬ್ಯಾಂಕಿನ ಸೂಚನೆಯಲ್ಲೇ ದಾರಿಯಿದೆ. ಹಣ ಹಿಂಪಡೆಯುವ ಚೀಟಿಗೆ ಹೆಬ್ಬೆಟ್ಟಿನ ಗುರುತು ಹಾಕಿ, ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸ್ವತಂತ್ರ ಸಾಕ್ಷಿಗಳು ಅದನ್ನು ಗುರುತಿಸಬೇಕು. ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಹೆಬ್ಬೆಟ್ಟೂ ಹಾಕಲಾಗದವರು ಸಾಧ್ಯವಾದ ಯಾವುದಾದರೂ ಗುರುತು ಹಾಕಿ, ಹಣ ಯಾರು ತೆಗೆದುಕೊಳ್ಳಬೇಕೆಂದು ಸೂಚಿಸಬಹುದು. ವೈದ್ಯರು ಪ್ರಮಾಣೀಕರಿಸಿದ ದೀರ್ಘ ಕಾಯಿಲೆಯವರಿಗೆ ಮನೆಬಾಗಿಲಲ್ಲೇ ಮೂಲಭೂತ ಸೇವೆ ಕೊಡಬೇಕೆಂದು 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಲಾಗಿದೆ. ಮಗಳು ವೈದ್ಯರ ಪತ್ರದೊಂದಿಗೆ ಶಾಖೆಗೆ ಅರ್ಜಿ ಕೊಟ್ಟರು. ಅಧಿಕಾರಿಯೊಬ್ಬರು ಮನೆಗೆ ಬಂದು, ಅಪ್ಪನೊಂದಿಗೆ ನೇರವಾಗಿ ಮಾತಾಡಿ, ಎಡಗೈ ಹೆಬ್ಬೆಟ್ಟು ಪಡೆದರು. ಅದೇ ಭೇಟಿಯಲ್ಲಿ ಖಾತೆಗೆ ಅಮ್ಮನ ಹೆಸರನ್ನು ಜಂಟಿಯಾಗಿ ಸೇರಿಸಿ, ಇಬ್ಬರಲ್ಲಿ ಯಾರಾದರೂ ನಡೆಸಬಹುದಾದಂತೆ ಮಾಡಿಸಿಕೊಳ್ಳಲು ತಿಳಿಸಿದ್ದೆ. ನಾಮಿನಿ ಮಾಡಿಸಿದ್ದೇವೆ, ಸಾಕಲ್ಲವೇ ಎಂದು ಅಮ್ಮ ಕೇಳಿದ್ದರಂತೆ. ನಾಮಿನಿಗೆ ಖಾತೆದಾರರು ಬದುಕಿರುವಾಗ ಖಾತೆಯ ಮೇಲೆ ಯಾವ ಅಧಿಕಾರವೂ ಇಲ್ಲ.

ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರದ (ಜಿಪಿಎ) ಬಗ್ಗೆ ಬಹಳ ಕುಟುಂಬಗಳಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಜಿಪಿಎ ಮಾಡಿಸಿಟ್ಟರೆ ಕೊನೆಯವರೆಗೂ ನಡೆಯುತ್ತದೆ ಎಂದು ನಂಬಿರುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರ ಮನಸ್ಸು ಸ್ವಸ್ಥವಾಗಿ ಉಳಿಯದಿದ್ದರೆ ಆ ಅಧಿಕಾರವೂ ಅಲ್ಲಿಗೆ ಕೊನೆಗೊಳ್ಳುತ್ತದೆ. ರೋಗಿ ಪ್ರಜ್ಞಾಹೀನ ಸ್ಥಿತಿಗೆ ತಲುಪಿದ ಮೇಲೆ ಪಾಲಕರ ನೇಮಕಕ್ಕೆ ಉಚ್ಚ ನ್ಯಾಯಾಲಯದ ಮೊರೆ ಹೋಗಬೇಕಾಗಿ ಬರುತ್ತದೆ; ಕೇರಳ ಉಚ್ಚ ನ್ಯಾಯಾಲಯ ಇಂಥ ಅರ್ಜಿಗಳಿಗಾಗಿ 2019ರಲ್ಲಿ ಮಾರ್ಗಸೂಚಿಯನ್ನೇ ರೂಪಿಸಬೇಕಾಯಿತು. ಆದ್ದರಿಂದ ಜಿಪಿಎ ಬೇಕಾದರೆ ಈಗಲೇ ಮಾಡಿಸಿ, ಮತ್ತು ಅದರ ಮೇಲೆ ಸಾಧಿಸಬೇಕಾದ ಕೆಲಸಗಳನ್ನೂ ಈಗಲೇ ಮುಗಿಸಿ ಎಂದು ಸಲಹೆ ನೀಡಿದೆ. ನಡೆಯಲಾರದ ರೋಗಿಯ ಮನೆಗೆ ಉಪನೋಂದಣಾಧಿಕಾರಿ ಬರಲು ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಆ ದಿನಾಂಕಕ್ಕೆ ಹತ್ತಿರದಲ್ಲಿ, ರೋಗಿಗೆ ವಿಷಯ ತಿಳಿದು ಒಪ್ಪುವ ಶಕ್ತಿಯಿದೆ ಎಂಬ ವೈದ್ಯರ ಪ್ರಮಾಣಪತ್ರ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಕಠಿಣವಾದ ಮಾತು ಚಿಕ್ಕಪ್ಪನದಾಗಿತ್ತು. ಸಾಲ ಕೊಟ್ಟವರು ಮುಗಿಬೀಳುವ ಮೊದಲು ತೋಟವನ್ನೆಲ್ಲ ತಮ್ಮನ ಹೆಸರಿಗೆ ದಾನಪತ್ರ ಮಾಡಿಸಿಬಿಡಿ, ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿ ಎಂದು ಅವರು ಒತ್ತಾಯಿಸುತ್ತಿದ್ದರು. ಅವರ ಕಾಳಜಿ ನಿಜವಾದದ್ದು, ದಾರಿ ಅಪಾಯದ್ದು. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದಿಂದ ಮಾಡಿದ ವರ್ಗಾವಣೆಯನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಮಿನಡಿ ಸಾಲ ಕೊಟ್ಟವರು ಪ್ರಶ್ನಿಸಿ ರದ್ದುಪಡಿಸಬಹುದು. ಮೇಲಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಇಂಥ ಕಣ್ಣೀರಿನ ಹೊತ್ತಿನಲ್ಲಿ ಯಾವ ಪತ್ರಕ್ಕೂ ಸಹಿ ಹಾಕಬೇಡಿ, ಹಾಕುವುದಿಲ್ಲ ಎನ್ನುವುದನ್ನು ಜಗಳವಾಗದಂತೆ ಹೇಳಿ ಎಂದೆ. ಅವರು ಮನೆಯಲ್ಲಿ ಆಡಬೇಕಾದ ಮಾತನ್ನು ನನ್ನೆದುರು ಗಟ್ಟಿಯಾಗಿ ಹೇಳಿ ನೋಡಿಕೊಂಡರು: ‘ಚಿಕ್ಕಪ್ಪ, ಪಾಲಿನ ಮಾತು ಅಪ್ಪಯ್ಯನ ಚಿಕಿತ್ಸೆ ಮುಗಿದ ಮೇಲೆ ಆಗಲಿ. ಈಗ ಸಾಲದ ಕೆಲಸಕ್ಕೆ ನಾನೂ ತಮ್ಮನೂ ಜೊತೆಗಿದ್ದೇವೆ.’

ತಮ್ಮನನ್ನೂ ಕರೆಸಿದೆ. ಅಪ್ಪನ ಸಾಲವೆಲ್ಲ ತನ್ನ ತಲೆಗೇ ಬರುತ್ತದೆಂದು ಆ ಯುವಕ ಊಟ ಬಿಟ್ಟಿದ್ದ. ಅವನಿಗೆ ತಿಳಿಸಿದ್ದಿಷ್ಟು: ಸಹಸಾಲಗಾರನಾಗಿ ಅಥವಾ ಜಾಮೀನುದಾರನಾಗಿ ಸಹಿ ಹಾಕಿರದಿದ್ದರೆ, ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯ ಮಿತಿಯೊಳಗೇ ಇರುತ್ತದೆ, ಅವನ ಸ್ವಂತ ದುಡಿಮೆಗೆ ಅದು ತಟ್ಟುವುದಿಲ್ಲ. ಮಗನಾದ ಒಂದೇ ಕಾರಣಕ್ಕೆ ತಂದೆಯ ಸಾಲ ತೀರಿಸಬೇಕೆಂಬ ಹಳೆಯ ಹಿಂದೂ ಕಾನೂನಿನ ಹೊಣೆಯನ್ನು 2005ರ ತಿದ್ದುಪಡಿ ಹೊಸ ಸಾಲಗಳ ಮಟ್ಟಿಗೆ ತೆಗೆದುಹಾಕಿದೆ. ಆದರೆ ಟ್ರ್ಯಾಕ್ಟರ್ ಸಾಲಕ್ಕೆ ಅವನೇ ಜಾಮೀನು ಹಾಕಿದ್ದ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಆಗಿರುವುದರಿಂದ ಅದನ್ನು ಅಸಡ್ಡೆ ಮಾಡುವಂತಿರಲಿಲ್ಲ. ಇನ್ನು ಮುಂದೆ ಹಳೆಯ ಸಾಲ ತೀರಿಸಲು ಹೊಸ ಸಾಲಕ್ಕೆ ಸಹಿ ಹಾಕಬಾರದೆಂದು ಅವನಿಂದ ಮಾತು ಪಡೆದೆ.

ಯಾವುದನ್ನು ಮೊದಲು ಕಟ್ಟಬೇಕು ಎಂಬಲ್ಲಿ ಕುಟುಂಬಗಳು ಸಾಮಾನ್ಯವಾಗಿ ಜೋರಾಗಿ ಕೇಳಿದವರಿಗೆ ಮೊದಲು ಕೊಡುತ್ತವೆ. ಇಲ್ಲಿಯೂ ಹಾಗೇ ಆಗುತ್ತಿತ್ತು. ಅಪ್ಪನ ಜೀವವಿಮೆಯ ಕಂತನ್ನು ಯಾರೂ ಕೇಳುವುದಿಲ್ಲ, ಆದರೆ ಅದೇ ಎಲ್ಲಕ್ಕಿಂತ ಮುಂದಿರಬೇಕು. ಗಡುವಿನ ನಂತರದ ರಿಯಾಯಿತಿ ದಿನಗಳೂ ಮುಗಿದು ಪಾಲಿಸಿ ರದ್ದಾದರೆ, ಪುನಶ್ಚೇತನಕ್ಕೆ ಆರೋಗ್ಯದ ಘೋಷಣೆ ಕೇಳುತ್ತಾರೆ. ಮೆದುಳಿನ ಗಡ್ಡೆಯಿರುವವರಿಗೆ ಅದು ಸಾಧ್ಯವಾಗುವ ಮಾತಲ್ಲ. ಸಂಘದ ಬೆಳೆಸಾಲಕ್ಕೆ ಗಡುವಿನೊಳಗೆ ಕಟ್ಟಿದರೆ ಬಡ್ಡಿಯಿಲ್ಲ, ದಾಟಿದರೆ ಬಡ್ಡಿ ಬೀಳುತ್ತದೆ. ಹರಾಜಿಗೆ ಹೋಗುವ ಚಿನ್ನಕ್ಕೆ ಬಡ್ಡಿಯನ್ನಾದರೂ ಕಟ್ಟಿ ನವೀಕರಿಸಬೇಕು, ಇಲ್ಲವೇ ಒಂದೆರಡು ಒಡವೆಗಳನ್ನು ತಾವೇ ಮಾರಿ ಉಳಿದುದನ್ನು ಬಿಡಿಸಬೇಕು. ಟ್ರ್ಯಾಕ್ಟರನ್ನೇ ಮಾರುವ ಮಾತನ್ನು ಅಪ್ಪನೇ ಎಡಗೈ ಸನ್ನೆಯಲ್ಲಿ ಹೇಳಿದರು. ಮಗನಿಂದ ಅದನ್ನು ಹೇಳಲಾಗುತ್ತಿರಲಿಲ್ಲ. ಮಂಡಿಯವರ ಬಳಿ ಅಕ್ಕ ತಮ್ಮ ಇಬ್ಬರೂ ಹೋಗಿ, ಕಾಯಿಲೆಯ ವಿಷಯ ಮುಚ್ಚಿಡದೆ ತಿಳಿಸಿ, ಮುಂದಿನ ಕೊಯ್ಲಿನಲ್ಲಿ ಇಷ್ಟು ಕೊಡುತ್ತೇವೆಂದು ಬರೆದುಕೊಟ್ಟರು. ಉಳಿದ ವಿಕಿರಣ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿರುವುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ವಿಚಾರಿಸಲು ಕಳುಹಿಸಿದೆ.

ವಸೂಲಿ ಕರೆಗಳ ವಿಷಯದಲ್ಲಿ ಮಗಳಿಗೆ ಧೈರ್ಯ ತುಂಬಬೇಕಿತ್ತು. ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ ಸುತ್ತೋಲೆಯಂತೆ ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ಪರವಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಕುಟುಂಬದವರನ್ನು, ಸ್ನೇಹಿತರನ್ನು ಅವಮಾನಿಸುವಂತಿಲ್ಲ. ರೋಗಿಯ ಸ್ಥಿತಿಯನ್ನು ವೈದ್ಯಕೀಯ ದಾಖಲೆಯ ಪ್ರತಿಯೊಂದಿಗೆ ಲಿಖಿತವಾಗಿ ತಿಳಿಸಿ, ಮಾತಾಡಲು ಒಂದೇ ಸಂಖ್ಯೆ ಕೊಟ್ಟು, ಕಂತು ಮುಂದೂಡಲು ಕೋರಿ, ಸ್ವೀಕೃತಿ ಪಡೆಯಲು ಹೇಳಿದೆ. ಮೂವತ್ತು ದಿನಗಳಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ (ಒಂಬುಡ್ಸ್‌ಮನ್) ದೂರು ಕೊಡಬಹುದು. ಪತ್ರ ತಲುಪಿದ ಮೇಲೆ ಕರೆಗಳು ಕಡಿಮೆಯಾದವು.

ಇನ್ನೂ ಬಗೆಹರಿಯದೆ ಉಳಿದಿರುವುದು ಸ್ನೇಹಿತರ ಸಾಲದ ಜಾಮೀನು. ಅವರು ಕಂತು ನಿಲ್ಲಿಸಿದ್ದಾರೆ, ಕರೆ ಎತ್ತುತ್ತಿಲ್ಲ. ಅದಕ್ಕಾಗಿ ಅಮ್ಮನ ಹೆಸರಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿಸಿದ್ದೇವೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಸಮಿತಿಯ ವಕೀಲರು ಬ್ಯಾಂಕನ್ನು ಲೋಕ ಅದಾಲತ್‌ಗೆ ಕರೆಸುವ ಯೋಚನೆಯಲ್ಲಿದ್ದಾರೆ. ಮಗಳ ನಿದ್ದೆ ಪೂರ್ತಿ ಮರಳಿಲ್ಲ, ಆದರೆ ಈಗ ಲೆಕ್ಕದ ಪುಸ್ತಕ ತಮ್ಮನ ಕೈಯಲ್ಲಿದೆ, ಬ್ಯಾಂಕಿನ ಕಾಗದಗಳು ಅವರ ಕೈಯಲ್ಲಿವೆ, ಭಾನುವಾರ ಇಬ್ಬರೂ ಅಪ್ಪನ ಎದುರು ಕುಳಿತು ವಾರದ ಜಮಾ ಖರ್ಚು ಓದಿ ಹೇಳುತ್ತಾರೆ. ಅಪ್ಪನ ಸ್ಥಿತಿ ಬದಲಾದಂತೆ ಈ ಓದು ಯಾವಾಗ ನಿಲ್ಲಬೇಕಾಗಬಹುದು, ಆಗ ತೀರ್ಮಾನಗಳನ್ನು ಯಾರು ತೆಗೆದುಕೊಳ್ಳಬೇಕು ಎಂಬುದನ್ನು ಅಮ್ಮನೂ ಸೇರಿ ಚರ್ಚಿಸಲು ಮುಂದಿನ ಭೇಟಿಯನ್ನು ಗೊತ್ತುಪಡಿಸಿದ್ದೇವೆ.