ನಿಮ್ಮ ಕಾಗದದ ಕೊನೆಯ ಸಾಲು

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನನಗೆ 34 ವರ್ಷ. ಊರು ಕುಣಿಗಲ್ ಕಡೆ, ಈಗ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮದುವೆಯಾದಾಗ 52 ಕೆ.ಜಿ. ಇದ್ದೆ, ಈಗ 80. ಯಾರೋ ಹೇಳಿದರೆಂದು ಡಬ್ಬಿಯಲ್ಲಿ ಬರುವ ಪುಡಿಯನ್ನು ಮೂರು ತಿಂಗಳು ಕುಡಿದೆ. 7 ಕೆ.ಜಿ. ಇಳಿಯಿತು. ಬಿಟ್ಟ ಮೇಲೆ 9 ಏರಿತು. ಆ ದುಡ್ಡಲ್ಲಿ ಮಗಳ ಫೀಸು ಕಟ್ಟಬಹುದಿತ್ತು. ಬೆಳಗ್ಗೆ ತಿಂಡಿ ಬಿಟ್ಟಿದ್ದೇನೆ, ಆದರೂ ಇಳಿಯುತ್ತಿಲ್ಲ. ಜಿಮ್ಮಿಗೆ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಜನ ಯಾಕೆ ದಪ್ಪ ಆಗುತ್ತಾರೆ? ನಮ್ಮಂಥವರು ಏನು ಮಾಡಬೇಕು? ತಪ್ಪು ನನ್ನದೇ ಇರಬೇಕು, ನನ್ನ ಬಾಯಿಗೆ ಕಡಿವಾಣ ಇಲ್ಲ.
(ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ತಂಗೀ, ನಿಮ್ಮ ಕಾಗದ ಕೈಗೆ ಬಂದ ದಿನವೇ ಅದರ ಕೊನೆಯ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. ಆಮೇಲೆ ಯೋಚಿಸಿ ಹಾಗೇ ಅಚ್ಚು ಹಾಕಿಸಿದ್ದೇನೆ. ಕನ್ನಡಿ ಮುಂದೆ ನಿಂತು ಇದೇ ಮಾತು ಹೇಳಿಕೊಳ್ಳುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಅವರೂ ಈ ಉತ್ತರ ಓದಲಿ.

2015-16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ತೂಕ ಜಾಸ್ತಿ ಇದ್ದವರು ನೂರಕ್ಕೆ 23. 2019-21ರ ಸಮೀಕ್ಷೆ ಹೊತ್ತಿಗೆ 30. ಗಂಡಸರದ್ದು 22 ಇದ್ದದ್ದು 31ರ ಹತ್ತಿರ ಬಂತು. ಐದಾರು ವರ್ಷದಲ್ಲಿ ಇಡೀ ರಾಜ್ಯದ ಜನರ ಬಾಯಿಯ ಕಡಿವಾಣ ಒಟ್ಟಿಗೆ ಕಳಚಿ ಬಿದ್ದಿತಾ? ನನಗಂತೂ ನಂಬಿಕೆ ಇಲ್ಲ. ನಮ್ಮ ಸುತ್ತಮುತ್ತ ಏನೋ ಆಗಿದೆ.

ಏನಾಗಿದೆ ಅನ್ನುವುದಕ್ಕೆ ನಾನು ಓದಿದ ಒಂದು ಪ್ರಯೋಗ ಹೇಳುತ್ತೇನೆ. ಸಿಕ್ಕವರಿಗೆಲ್ಲ ಇದನ್ನು ಹೇಳಿದ್ದೇನೆ, ನೀವೂ ಕೇಳಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಉಳಿಸಿಕೊಂಡು ಊಟ ಹಾಕಿದರು. ಎರಡು ವಾರ ಕಾರ್ಖಾನೆಯ ಪೊಟ್ಟಣದ ಆಹಾರ, ಎರಡು ವಾರ ಸಾಮಾನ್ಯ ಅಡುಗೆ. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡು ಕಡೆಯೂ ಒಂದೇ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಪೊಟ್ಟಣದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಎರಡೇ ವಾರಕ್ಕೆ ಹತ್ತಿರ ಹತ್ತಿರ 900 ಗ್ರಾಂ ಏರಿದರು. ಅಡುಗೆ ಊಟದ ವಾರಗಳಲ್ಲಿ ಹೆಚ್ಚುಕಮ್ಮಿ ಅಷ್ಟೇ ಇಳಿದರು. 2019ರಲ್ಲಿ ಇದು ಪ್ರಕಟವಾಯಿತು. ಜನ ಅವರೇ, ಬಾಯಿ ಅದೇ, ಬದಲಾಗಿದ್ದು ತಟ್ಟೆ.

ಈಗ ನಿಮ್ಮ ಫ್ಯಾಕ್ಟರಿ ಗೇಟಿನ ಹೊರಗೆ ಸಂಜೆ ಏನು ಸಿಗುತ್ತದೆ ನೆನಪು ಮಾಡಿಕೊಳ್ಳಿ. ಬೋಂಡ, ಗೋಬಿ, ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟು. ಬೇಯಿಸಿದ ಕಡಲೆಕಾಳು ಮಾರುವವರು ಎಷ್ಟು ಜನ ಇದ್ದಾರೆ?

ಇನ್ನೊಂದು ಕತೆ ನಮ್ಮ ಮೈಸೂರಿನದೇ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು ಊರಲ್ಲಿ ಓಡಾಡಿದರು. ಆ ಮಕ್ಕಳು ಆಗ ನಲವತ್ತು, ಐವತ್ತು, ಅರವತ್ತು ದಾಟಿದವರು. ಹುಟ್ಟುವಾಗ ಸಣ್ಣಗಿದ್ದವರಲ್ಲೇ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಪುಣೆಯ ಡಾ. ಯಾಜ್ಞಿಕ್ ಅವರು ನಮ್ಮ ಕೂಸುಗಳು ನೋಡಲು ಸಣಕಲು, ಆದರೆ ಒಳಗೆ ಕೊಬ್ಬು ಕೂಡಿಟ್ಟುಕೊಂಡೇ ಹುಟ್ಟುತ್ತವೆ ಎಂದು ತೋರಿಸಿಕೊಟ್ಟರು. 2004ರಲ್ಲಿ ಅವರು ಇಂಗ್ಲೆಂಡಿನ ಗೆಳೆಯ ಯುಡ್ಕಿನ್ ಜೊತೆ ನಿಂತ ಒಂದು ಫೋಟೊ ಅಚ್ಚಾಯಿತು. ಇಬ್ಬರ ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಲೆಕ್ಕ) ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ಅದಕ್ಕೇ ನಮ್ಮ ಜನಕ್ಕೆ ಬಿ.ಎಂ.ಐ. 23 ಮುಟ್ಟಿದರೇ ಹುಷಾರು ಎನ್ನುತ್ತಾರೆ ಡಾಕ್ಟರು. ಹೆಂಗಸರ ಸೊಂಟ 80 ಸೆಂ.ಮೀ., ಗಂಡಸರದು 90 ದಾಟಬಾರದು. ನಿಮ್ಮ ತಾಯಿ ಬಸುರಿಯಾಗಿದ್ದಾಗ ಹೊಟ್ಟೆ ತುಂಬ ಉಂಡಿದ್ದರೋ ಇಲ್ಲವೋ, ಅದೂ ಈ ಲೆಕ್ಕದಲ್ಲಿ ಸೇರಿದೆ. ಅದಕ್ಕೂ ನಿಮ್ಮನ್ನೇ ಬೈಯಬೇಕಾ?

ನಿದ್ದೆಯ ವಿಚಾರ ನೀವು ಬರೆದಿಲ್ಲ, ಆದರೆ ನಿಮ್ಮ ದಿನ ನನಗೆ ಊಹೆ ಆಗುತ್ತದೆ. ನಾಲ್ಕೂವರೆಗೆ ಎದ್ದು ನೀರು ಹಿಡಿದು, ಅಡುಗೆ ಮಾಡಿ, ಡಬ್ಬಿ ಕಟ್ಟಿ ಓಡುತ್ತೀರಿ. ರಾತ್ರಿ ಮಲಗುವಾಗ ಹನ್ನೊಂದು. ಶಿಕಾಗೊದಲ್ಲಿ 12 ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ರಕ್ತ ಪರೀಕ್ಷೆ ಮಾಡಿದ್ದರು. ಹಸಿವು ಹುಟ್ಟಿಸುವ ಹಾರ್ಮೋನು 28% ಏರಿತ್ತು, ಸಾಕು ಎನ್ನಿಸುವ ಹಾರ್ಮೋನು 18% ಇಳಿದಿತ್ತು. ಅವರು ಕೇಳಿದ್ದು ಸಿಹಿ ಮತ್ತು ಕುರುಕಲು. ನಾನೂ ಹನ್ನೊಂದು ವರ್ಷ ಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿದ್ದೆ. ದಿನಕ್ಕೆ ಎಂಟು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಹಾದಲ್ಲೇ 80 ಗ್ರಾಂ ಸಕ್ಕರೆ ಕುಡಿಯುತ್ತಿದ್ದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 20-25 ಗ್ರಾಂ ದಾಟಬೇಡಿ ಎನ್ನುತ್ತದೆ. ಆ ವರ್ಷಗಳಲ್ಲಿ 14 ಕೆ.ಜಿ. ಏರಿದೆ. ಆಗ ನನ್ನನ್ನೂ ತಿಂಡಿಪೋತ ಎಂದವರಿದ್ದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹಾಗಂತ ಬಾಯಿ ಕಟ್ಟುವುದಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಜಿಮ್ಮಿಗೆ ಹೋಗಿ ಗಟ್ಟಿಯಾದವರನ್ನು ಕಂಡಿದ್ದೇನೆ. ತೂಕ ಇಳಿಸುವ ಹೊಸ ಸೂಜಿಮದ್ದುಗಳೂ ಕೆಲಸ ಮಾಡುತ್ತವೆ, ಸಕ್ಕರೆ ಕಾಯಿಲೆ ಜೋರಾದವರಿಗೆ ಡಾಕ್ಟರು ಬರೆದುಕೊಟ್ಟರೆ ಒಳ್ಳೆಯದೇ. ಆದರೆ 2025ರ ಮಾರ್ಚ್‌ನಲ್ಲಿ ಮೌಂಜಾರೊ ಎಂಬ ಸೂಜಿಮದ್ದು ನಮ್ಮ ದೇಶಕ್ಕೆ ಬಂದಾಗ 5 ಮಿ.ಗ್ರಾಂ ಸೀಸೆಯೊಂದಕ್ಕೆ 4,375 ರೂಪಾಯಿ, ವಾರಕ್ಕೊಂದು ಬೇಕು. ಅದೇ ಜಾತಿಯ ಇನ್ನೊಂದು ಮದ್ದನ್ನು ನಿಲ್ಲಿಸಿದವರಿಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವರ್ಷದೊಳಗೆ ವಾಪಸ್ ಬಂದಿತ್ತು. ನಿಮ್ಮ ಪುಡಿಯ ಕತೆಯೂ ಅದೇ ದಾರಿಯದು. ಅಮೆರಿಕದ ಒಂದು ಟಿ.ವಿ. ಸ್ಪರ್ಧೆಯಲ್ಲಿ ಭಾರಿ ತೂಕ ಇಳಿಸಿದ್ದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದರು. ಹೆಚ್ಚಿನವರಿಗೆ ತೂಕ ಮರಳಿತ್ತು. ಅವರ ಮೈ ಮಾತ್ರ ಆ ತೂಕಕ್ಕೆ ಖರ್ಚಾಗಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಬರಗಾಲ ಬಂತು ಅಂದುಕೊಂಡ ಮೈ ಜಿಪುಣತನ ಕಲಿತುಬಿಡುತ್ತದೆ. 7 ಇಳಿದು 9 ಏರಿದ್ದು ನಿಮ್ಮ ಸೋಲಲ್ಲ ತಂಗೀ.

ಬೆಳಗ್ಗೆ ತಿಂಡಿ ಬಿಟ್ಟಿದ್ದಕ್ಕೆ ಮಾತ್ರ ನಿಮ್ಮ ಮೇಲೆ ಸಿಟ್ಟಿದೆ. ಖಾಲಿ ಹೊಟ್ಟೆಯಲ್ಲಿ ಮಿಷನ್ ಮುಂದೆ ಕೂತು, ಟಾರ್ಗೆಟ್ ಮುಗಿಸಿ ಸಂಜೆ ಆರಕ್ಕೆ ಹೊರಗೆ ಬಂದವರು ಬೋಂಡದ ಗಾಡಿ ದಾಟಿ ಹೋಗುವುದು ಹೇಗೆ? ನಾಳೆಯಿಂದಲೇ ತಿನ್ನಿ. ರಾತ್ರಿಯ ಕಾಳಿನ ಪಲ್ಯ, ಇಲ್ಲವೇ ಎರಡು ಬೇಯಿಸಿದ ಮೊಟ್ಟೆ.

ಈಗ ಅಡುಗೆಮನೆಗೆ ಬನ್ನಿ. ಎಲ್ಲಕ್ಕಿಂತ ಮೊದಲು ಎಣ್ಣೆ. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 8,200 ಕ್ಯಾಲೊರಿ. ನಮ್ಮ ಮನೆಯಲ್ಲೂ ನಾಲ್ಕು ಜನ, ತಿಂಗಳಿಗೆ 5 ಲೀಟರಿನ ಒಂದು ಕ್ಯಾನು. ಭಾಗಿಸಿ ನೋಡಿದರೆ ಒಬ್ಬೊಬ್ಬರ ಹೊಟ್ಟೆಗೆ ದಿನಕ್ಕೆ 340 ಕ್ಯಾಲೊರಿ ಬರೀ ಎಣ್ಣೆಯಿಂದಲೇ. ಮೂರು ಚಪಾತಿಯಷ್ಟಾಯಿತು. ನನ್ನ ಹೆಂಡತಿ ಏನು ಮಾಡಿದಳು ಗೊತ್ತಾ? ಹೊಸ ಕ್ಯಾನು ತೆರೆದ ದಿನ ಮಾರ್ಕರಿನಲ್ಲಿ ಅದರ ಮೇಲೆ ತಾರೀಖು ಬರೆದಳು. ಅಷ್ಟೇ. ಬಾಟಲಿಯಿಂದ ನೇರ ಸುರಿಯುವುದು ನಿಂತು ಚಮಚ ಬಂತು. ಪೂರಿ ಎರಡು ವಾರಕ್ಕೊಮ್ಮೆ ಆಯಿತು. ಮೂರು ತಿಂಗಳಲ್ಲಿ ಅದೇ ಕ್ಯಾನು ಐವತ್ತು ದಿನ ಬರತೊಡಗಿತು. ಜಗಳವಿಲ್ಲ, ಉಪವಾಸವಿಲ್ಲ. ಉಳಿದ ದುಡ್ಡಿಗೆ ಹೆಸರುಕಾಳು, ಹುರುಳಿಕಾಳು ಬಂತು. ಖರ್ಚು ಮಾಡಿ ತೂಕ ಇಳಿಸಬೇಕು ಎಂದು ಯಾರಾದರೂ ಹೇಳಿದರೆ ನಾನು ಈ ಕ್ಯಾನು ತೋರಿಸುತ್ತೇನೆ.

ಆಮೇಲೆ ತಟ್ಟೆ. ನಮ್ಮ ದೇಶದವರಿಗೆ ಸಿಗುವ ಕ್ಯಾಲೊರಿಯಲ್ಲಿ 62% ಅನ್ನ, ಗೋಧಿ, ಸಕ್ಕರೆಯಂಥ ಶರ್ಕರಪಿಷ್ಟದ್ದೇ ಎಂದು ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ 2025ರಲ್ಲಿ ಹೇಳಿದೆ. ಅನ್ನದ ಗುಡ್ಡ, ಪಕ್ಕದಲ್ಲಿ ಒಂದು ಚಮಚ ಪಲ್ಯ. ಕುಣಿಗಲ್ ಕಡೆಯವರು ನೀವು, ಬಸ್ಸಾರು ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಓದುಗರಲ್ಲಿ ಗೊತ್ತಿಲ್ಲದವರಿದ್ದಾರೆ. ಭಾನುವಾರ ರಾತ್ರಿ ಹುರುಳಿಕಾಳು ನೆನೆಹಾಕಿ, ಸೋಮವಾರ ಬಟ್ಟೆಯಲ್ಲಿ ಕಟ್ಟಿ. ಮಂಗಳವಾರ ಮೊಳಕೆ ಬಂದಿರುತ್ತದೆ. ದಂಟಿನ ಸೊಪ್ಪೋ ಕೀರೆ ಸೊಪ್ಪೋ ಜೊತೆ ಬೇಯಿಸಿ ಬಸಿಯಿರಿ. ಬಸಿದ ನೀರಿಗೆ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಹುಣಸೆ, ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪು ಪಲ್ಯ. ಒಂದೇ ಪಾತ್ರೆ, ಒಂದೇ ಒಲೆ, ಒಗ್ಗರಣೆಗೆ ಒಂದು ಚಮಚ ಎಣ್ಣೆ. ಹೊಟ್ಟೆ ತುಂಬುತ್ತದೆ, ತುಂಬಿದ್ದು ಮಧ್ಯಾಹ್ನದ ತನಕ ಇರುತ್ತದೆ. ಪಲ್ಯದ ಪಾಲು ಅನ್ನಕ್ಕೆ, ಅನ್ನದ ಪಾಲು ಪಲ್ಯಕ್ಕೆ ಕೊಡಿ. ನಿಮ್ಮ ಆ ಡಬ್ಬಿಯ ಯಾವ ಪುಡಿ ಕೊಟ್ಟೀತು ಇಂಥ ಊಟ!

ಮುದ್ದೆ ಬಗ್ಗೆಯೂ ಒಂದು ಮಾತು. ನಾನು ಮುದ್ದೆ ಪಕ್ಷಪಾತಿ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲೂ 320 ಕ್ಯಾಲೊರಿ ಇದೆ, ಅಕ್ಕಿಯಲ್ಲಿ 356. ದೊಡ್ಡ ವ್ಯತ್ಯಾಸವಲ್ಲ. ರಾಗಿಯ ಬಲ ಅದರ ನಾರಿನಲ್ಲಿ, 100 ಗ್ರಾಂಗೆ 11 ಗ್ರಾಂ. ಅಕ್ಕಿಯದು 3 ಗ್ರಾಂ ಕೂಡ ಇಲ್ಲ. ಒಂದು ಮುದ್ದೆ ಉಂಡ ಮೇಲೆ ತಟ್ಟೆ ತುಂಬ ಅನ್ನ ಹಾಕಿಸಿಕೊಂಡರೆ ಪ್ರಯೋಜನ ಇಲ್ಲ.

ಈ ರಾಗಿ ವಿಷಯಕ್ಕೆ ಬಂದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಕೆ.ಜಿ.ಗೆ 49 ರೂಪಾಯಿಯೂ ಇಲ್ಲ. ಅದೇ ರಾಗಿಯ ಹೆಸರು ಹೊತ್ತ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಓದಿ. ಪದಾರ್ಥಗಳನ್ನು ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಬರೆಯಬೇಕೆಂದು ನಿಯಮ. ಎಷ್ಟೋ ಪೊಟ್ಟಣಗಳಲ್ಲಿ ಮೊದಲ ಹೆಸರು ಮೈದಾ, ಸಕ್ಕರೆ, ತಾಳೆ ಎಣ್ಣೆ. ರಾಗಿ ಎಲ್ಲೋ ಕೆಳಗೆ. ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣದ ಮುಂದೆಯೇ ಕಪ್ಪು ಮುದ್ರೆ ಒತ್ತುತ್ತಾರೆ. ಓದು ಬಾರದವರಿಗೂ ತಿಳಿಯುತ್ತದೆ. ನಮ್ಮಲ್ಲಿ ವರ್ಷಗಟ್ಟಲೆ ಚರ್ಚೆ ಮಾಡಿಕೊಂಡು ಬಂದರು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟು, ನೂಡಲ್ಸ್, ಕುರುಕಲು ತಿಂಡಿಗಳ ಜಿ.ಎಸ್.ಟಿ. 5%ಗೆ ಇಳಿಯಿತು. ಕೂಲ್‌ಡ್ರಿಂಕ್ಸ್ ಮೇಲೆ 40% ಹಾಕಿದ್ದು ಸರಿ, ಒಪ್ಪುತ್ತೇನೆ. ಆದರೆ ಮಗುವಿನ ಕೈಗೆ ಸಿಗುವ ಐದು ರೂಪಾಯಿ ಪ್ಯಾಕೆಟ್ಟು ಅಗ್ಗವಾಗುವ ದೇಶದಲ್ಲಿ, ತೂಕ ಇಳಿಸಿ ಎಂದು ಜನರಿಗೆ ಬುದ್ಧಿ ಹೇಳುವುದು ಯಾವ ನ್ಯಾಯ?

ನಡಿಗೆಯೂ ಅಷ್ಟೇ. ಒಂದು ಗಂಟೆ ನಡೆದರೆ ಖರ್ಚಾಗುವುದು 200-250 ಕ್ಯಾಲೊರಿ. ಬರೀ ನಡೆದು ತೂಕ ಇಳಿಸುವುದು ಕಷ್ಟ, ಇಳಿದದ್ದನ್ನು ಹಿಡಿದಿಡಲು ಮಾತ್ರ ನಡಿಗೆ ಬೇಕೇ ಬೇಕು. ಸಕ್ಕರೆ ಕಾಯಿಲೆಗೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಎಲ್ಲಿ ನಡೆಯುವುದು? ಕಬ್ಬನ್ ಪಾರ್ಕ್, ಲಾಲ್‌ಬಾಗ್ ಪಕ್ಕದಲ್ಲಿ ಇರುವವರಿಗೆ ಸರಿ. ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ರಾತ್ರಿ ಎಂಟಕ್ಕೆ, ಲಾರಿಗಳ ನಡುವೆ, ಚಪ್ಪಡಿ ಕಿತ್ತ ಫುಟ್‌ಪಾತ್ ಮೇಲೆ ಒಬ್ಬ ಹೆಣ್ಣುಮಗಳು ಹೇಗೆ ನಡೆಯಬೇಕು? ಒಂದು ಬೀದಿ ದೀಪ, ಒಂದು ಸಪಾಟಾದ ಫುಟ್‌ಪಾತ್ ಕೂಡ ಔಷಧಿಯೇ ಎಂದು ನಾನು ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ. ಅದು ಆಗುವ ತನಕ ಮನೆಯ ತಾರಸಿ ಇದ್ದರೆ ಇಪ್ಪತ್ತು ನಿಮಿಷ, ಮಗಳ ಕೈ ಹಿಡಿದು. ಊಟದ ವಿರಾಮದಲ್ಲಿ ಉಂಡ ಮೇಲೆ ಹತ್ತು ನಿಮಿಷ ಗೆಳತಿಯರ ಜೊತೆ ಫ್ಯಾಕ್ಟರಿ ಅಂಗಳದಲ್ಲೇ ಸುತ್ತು ಹಾಕಿ. ಟೀವಿ ನೋಡುವಾಗ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ತೊಡೆಗೆ ಬಲ ಬರುತ್ತದೆ.

ಒಂದು ಪರೀಕ್ಷೆ ಮರೆಯಬೇಡಿ. ನಿಮ್ಮ ಹತ್ತಿರ ಇ.ಎಸ್.ಐ. ಕಾರ್ಡು ಇರಬೇಕು, ಸಂಬಳದಿಂದ ಅದಕ್ಕೆ ಹಣ ಹಿಡಿಯುತ್ತಾರಲ್ಲ. ಥೈರಾಯ್ಡ್, ಸಕ್ಕರೆ, ಬಿ.ಪಿ. ನೋಡಿಸಿ. ಮುಟ್ಟು ಏರುಪೇರಾಗಿದ್ದರೆ ಅದನ್ನೂ ಹೇಳಿ. ಸ್ಟೀರಾಯ್ಡ್ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳಿಂದಲೂ ತೂಕ ಏರುತ್ತದೆ. ನುಂಗುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

52ಕ್ಕೆ ವಾಪಸ್ ಹೋಗುವ ಆಸೆ ಸದ್ಯಕ್ಕೆ ಪಕ್ಕಕ್ಕಿಡಿ. ನೂರಕ್ಕೆ ಐದು ಪಾಲು ಇಳಿದರೂ ಬಿ.ಪಿ., ಸಕ್ಕರೆ ಹತೋಟಿಗೆ ಬರಲು ನೆರವಾಗುತ್ತದೆ. ನಿಮಗೆ ಅದು 4 ಕೆ.ಜಿ. ಆರು ತಿಂಗಳು ತೆಗೆದುಕೊಳ್ಳಿ. ತೂಕದ ಯಂತ್ರ ಕೊಳ್ಳುವುದೂ ಬೇಡ. ದಿನವಿಡೀ ನಿಮ್ಮ ಕತ್ತಿನಲ್ಲಿ ಟೇಪು ನೇತಾಡುತ್ತಿರುತ್ತದೆ ಅಲ್ವಾ? ಊರವರ ಸೊಂಟದ ಬಟ್ಟೆ ಹೊಲಿಯುವವರು ನೀವು. ತಿಂಗಳಿಗೊಮ್ಮೆ, ಬೆಳಗ್ಗೆ, ಹೊಕ್ಕುಳಿನ ಸ್ವಲ್ಪ ಮೇಲೆ, ಉಸಿರು ಬಿಟ್ಟು, ನಿಮ್ಮದೇ ಅಳತೆ ತೆಗೆದು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಎಣ್ಣೆ ಕ್ಯಾನಿನ ತಾರೀಖೂ ಅದರ ಪಕ್ಕದಲ್ಲೇ ಇರಲಿ. ಆರು ತಿಂಗಳಾದ ಮೇಲೆ ಆ ಎರಡು ಲೆಕ್ಕವನ್ನು ಒಂದು ಕಾರ್ಡಿನಲ್ಲಿ ಬರೆದು ನನಗೆ ಕಳಿಸಿ. ಬಸ್ಸಾರಿಗೆ ಯಾವ ಸೊಪ್ಪು ಹಾಕಿದಿರಿ ಅನ್ನುವುದನ್ನೂ ಬರೆಯಿರಿ.