ಎಲುಬು ಸಿಕ್ಕರೂ ತಣಿಯದ ರೋಷ

ಪ್ರಶ್ನೆ: ಇತ್ತೀಚೆಗೆ ಹಿದೆಯೊ ನಕಾತಾ ನಿರ್ದೇಶನದ ‘ರಿಂಗು’ (1998) ನೋಡಿದೆ. ಬಾವಿಗೆ ತಳ್ಳಲ್ಪಟ್ಟು ಸತ್ತ ಸದಾಕೊಳ ಅಸ್ಥಿಯನ್ನು ನಾಯಕಿ ಹುಡುಕಿ ತೆಗೆದ ಮೇಲೆ ಕಥೆ ಮುಗಿಯಬೇಕಿತ್ತು, ಆದರೆ ಸಾವು ನಿಲ್ಲುವುದಿಲ್ಲ. ಇದು ಹೆದರಿಸುವುದಕ್ಕಾಗಿ ಮಾಡಿದ ತಂತ್ರ ಮಾತ್ರವೋ, ಜಪಾನಿನ ನಂಬಿಕೆಗಳಿಗೂ ಇದಕ್ಕೂ ಸಂಬಂಧವಿದೆಯೋ?

ಉತ್ತರ: ತಂತ್ರ ಹೌದು, ಆದರೆ ಅದು ಫಲಿಸಬೇಕಾದರೆ ಸಾವಿರ ವರ್ಷಕ್ಕೂ ಹಳೆಯದಾದ ಒಂದು ನಿರೀಕ್ಷೆ ನೋಡುವವರ ಮನಸ್ಸಿನಲ್ಲಿ ಮೊದಲೇ ಇರಬೇಕಾಗುತ್ತದೆ. ಅನ್ಯಾಯಕ್ಕೆ ಗುರಿಯಾಗಿ ಸತ್ತವರ ರೋಷ ಬದುಕಿರುವವರನ್ನು ಕಾಡುತ್ತದೆ, ಅಂಥ ಪ್ರೇತವನ್ನು ಬಡಿದೋಡಿಸುವುದಲ್ಲ, ಸಲ್ಲಬೇಕಾದ ಗೌರವ ಸಲ್ಲಿಸಿ ಸಮಾಧಾನಪಡಿಸಬೇಕು ಎಂಬುದೇ ಆ ನಿರೀಕ್ಷೆ. ಇಂಥ ಪ್ರೇತಗಳನ್ನು ಜಪಾನೀಯರು ‘ಒನ್‌ರ್ಯೋ’ ಎಂದು ಕರೆಯುತ್ತಾರೆ.

ಸುಗವಾರ ನೊ ಮಿಚಿಝಾನೆಯ ಕಥೆಯನ್ನು ತಿಳಿದರೆ ಇದು ಸ್ಪಷ್ಟವಾಗುತ್ತದೆ. ವಿದ್ವತ್ತಿನ ಬಲದಿಂದಲೇ ಕ್ಯೋಟೋದ ಆಸ್ಥಾನದಲ್ಲಿ ಉನ್ನತ ಮಂತ್ರಿಪದವಿಗೇರಿದ ಈತ ಫುಜಿವಾರ ಮನೆತನದವರ ಚಾಡಿಮಾತಿನಿಂದ 901ರಲ್ಲಿ ಕ್ಯೂಶೂ ದ್ವೀಪದ ದಜೈಫುಗೆ ಗಡೀಪಾರಾಗಿ, 903ರಲ್ಲಿ ಅಲ್ಲಿಯೇ ತೀರಿಕೊಂಡ. ಮುಂದೆ ಅವನ ವೈರಿಗಳು ಒಬ್ಬೊಬ್ಬರಾಗಿ ಸತ್ತರು. 930ರಲ್ಲಿ ಅರಮನೆಗೇ ಸಿಡಿಲು ಬಡಿದು ಆಸ್ಥಾನಿಕರು ಬಲಿಯಾದರು, ಕೆಲವೇ ತಿಂಗಳಲ್ಲಿ ಚಕ್ರವರ್ತಿ ದೈಗೊ ಕೂಡ ಕಾಲವಾದ. ಇದೆಲ್ಲ ಮಿಚಿಝಾನೆಯ ಕೋಪವೇ ಎಂದು ರಾಜಧಾನಿ ನಂಬಿತು. ಕಳೆದುಕೊಂಡ ಪದವಿಯನ್ನು ಆಸ್ಥಾನ 923ರಲ್ಲೇ ಸತ್ತವನಿಗೆ ಮರಳಿಸಿತ್ತು; 947ರಲ್ಲಿ ಕ್ಯೋಟೋದ ಕಿತಾನೊದಲ್ಲಿ ಅವನಿಗೊಂದು ದೇಗುಲವೂ ಎದ್ದಿತು. ಸಿಡಿಲು ಎಸೆಯುತ್ತಾನೆಂದು ಊರೇ ನಡುಗಿದ ಆ ಪ್ರೇತ ಇಂದು ವಿದ್ಯೆಯ ದೇವರು. ಪರೀಕ್ಷೆಗೆ ಕೂರುವ ಮಕ್ಕಳು ಅವನಿಗೆ ಕೈಮುಗಿಯುತ್ತಾರೆ. ಪ್ರೇತ ದೇವರಾಗುವ ಈ ದಾರಿ ತೆರೆದಿರುವುದರಿಂದಲೇ ಜಪಾನಿನ ದೆವ್ವದ ಕಥೆಗಳಲ್ಲಿ ಕೇಡಿಗೂ ಸಂತ್ರಸ್ತರಿಗೂ ನಡುವೆ ಗೆರೆ ಎಳೆಯುವುದು ಕಷ್ಟ.

ಈಗ ಬಾವಿಯ ದೃಶ್ಯಕ್ಕೆ ಮರಳಿ ನೋಡಿ. ಸದಾಕೊಳ ಶಾಪ ಹೊತ್ತ ವಿಡಿಯೊ ಕ್ಯಾಸೆಟ್ಟೊಂದನ್ನು ನೋಡಿದವರು ಏಳು ದಿನಗಳಲ್ಲಿ ಸಾಯುತ್ತಾರೆ, ನಾಯಕಿಯೂ ಅದನ್ನು ನೋಡಿದ್ದಾಳೆ. ಗಡುವಿನ ದಿನ ನಾಯಕಿ ರೇಯ್‌ಕೊ ಮತ್ತು ಅವಳ ಮಾಜಿ ಗಂಡ ರ್‍ಯೂಜಿ ಇಬ್ಬರೂ ಸೇರಿ ಬಕೆಟ್ಟಿನಲ್ಲಿ ನೀರು ಮೊಗೆಮೊಗೆದು ಮೇಲಕ್ಕೆಳೆಯುತ್ತಾರೆ. ಕೊನೆಗೆ ಕೆಸರುನೀರಿನಲ್ಲಿ ಕೈಯಾಡಿಸುತ್ತಿದ್ದ ರೇಯ್‌ಕೊಗೆ ತಲೆಬುರುಡೆ ಸಿಗುತ್ತದೆ, ಅವಳು ಅದನ್ನು ಬಿಸಾಡದೆ ಮಗುವಿನಂತೆ ಎದೆಗವಚಿಕೊಳ್ಳುತ್ತಾಳೆ. ಸತ್ತವಳನ್ನು ಕಂಡುಹಿಡಿದು, ಅವಳ ಸಂಕಟವನ್ನು ಅರಿತು, ಹೊರಗೆ ತಂದದ್ದಾಯಿತು. ರೂಢಿಯ ಪ್ರಕಾರ ಶಾಂತಿಯಾಗಬೇಕು. ಗಡುವು ಮೀರಿದರೂ ರೇಯ್‌ಕೊ ಬದುಕಿರುತ್ತಾಳೆ, ನಾವೂ ನಿಟ್ಟುಸಿರು ಬಿಡುತ್ತೇವೆ. ಮರುದಿನ ರ್‍ಯೂಜಿಯ ಮನೆಯ ಟಿವಿ ತಾನಾಗಿ ಹೊತ್ತಿಕೊಂಡಾಗ ಮುರಿದುಬೀಳುವುದು ಈ ಭರವಸೆ. ರೇಯ್‌ಕೊ ಉಳಿದದ್ದು ಎಲುಬಿಗೆ ತೋರಿದ ಕರುಣೆಯಿಂದಲ್ಲ, ಆ ವಿಡಿಯೊ ಕ್ಯಾಸೆಟ್ಟಿನ ನಕಲು ಮಾಡಿ ಇನ್ನೊಬ್ಬರಿಗೆ ತೋರಿಸಿದ್ದರಿಂದ. ಸದಾಕೊಗೆ ಬೇಕಾದದ್ದು ಗುಡಿಯಲ್ಲ, ಪ್ರಸಾರ. ರೋಷಕ್ಕೆ ಒಂದು ಪರಿಹಾರವಿದ್ದೇ ಇರುತ್ತದೆ ಎಂಬ ಹಳೆಯ ಒಪ್ಪಂದವನ್ನೇ ಪ್ರೇತ ತಿರಸ್ಕರಿಸುವುದು ಈ ಚಿತ್ರದ ನಿಜವಾದ ಭಯ ಎಂದು ನನ್ನ ಅಭಿಪ್ರಾಯ. ಅವಳು ಟಿವಿಯಿಂದ ತೆವಳಿ ಬರುವುದು ಅದರ ಮುಂದೆ ಸಣ್ಣ ಸಂಗತಿ.

ತಕಾಶಿ ಶಿಮಿಝು ಅವರ ‘ಜು-ಆನ್’ (2002) ಇನ್ನೊಂದು ಕಡೆಯಿಂದ ಇದೇ ಸ್ಥಳಕ್ಕೆ ಬರುತ್ತದೆ. ಗಂಡನ ಕೈಯಲ್ಲಿ ಕೊಲೆಯಾದ ಕಯಾಕೊಳ ಮನೆಗೆ ಮುದುಕಿಯೊಬ್ಬಳ ಆರೈಕೆಗೆಂದು ಬರುವ ರಿಕಾ ಯಾವ ತಪ್ಪನ್ನೂ ಮಾಡಿದವಳಲ್ಲ. ಹೊಸಿಲು ದಾಟಿದ್ದೇ ಸಾಕು. ‘ಪಾಪ ಮಾಡಿದವರಿಗೆ ಶಿಕ್ಷೆ’ ಎಂಬ ಲೆಕ್ಕದಿಂದ ನೋಡಿದವರಿಗೆ ಇದು ಅರ್ಥಹೀನ ಕ್ರೌರ್ಯವೆನಿಸುತ್ತದೆ. ಆದರೆ ಜಪಾನಿನ ಮೂಲ ಧರ್ಮವಾದ ಶಿಂತೊ ಸಂಪ್ರದಾಯದಲ್ಲಿ ಸಾವು ಒಂದು ಮೈಲಿಗೆ. ಅದು ಪಾಪವಲ್ಲ, ತಗುಲುವಂಥದ್ದು. ಅಂತ್ಯಕ್ರಿಯೆಯಿಂದ ಮರಳಿದವರು ಮನೆಯೊಳಗೆ ಕಾಲಿಡುವ ಮುನ್ನ ಮೈಮೇಲೆ ಉಪ್ಪು ಉದುರಿಸಿಕೊಳ್ಳುವ ಪದ್ಧತಿ ಇಂದಿಗೂ ಇದೆ. ಶಿಂತೊ ದೇಗುಲಗಳು ಸಾವನ್ನು ದೂರವಿಟ್ಟಿರುವುದರಿಂದ ಉತ್ತರಕ್ರಿಯೆಗಳನ್ನು ಬಹುಮಟ್ಟಿಗೆ ಬೌದ್ಧ ಭಿಕ್ಷುಗಳೇ ನಡೆಸುತ್ತಾರೆ. ಸೋಂಕಿಗೆ ನ್ಯಾಯ ಅನ್ಯಾಯಗಳ ಗೊಡವೆ ಇಲ್ಲದಂತೆ ಕಯಾಕೊಳ ಮನೆಗೂ ಇಲ್ಲ.

ಇಷ್ಟಾದರೂ ಎಲ್ಲವನ್ನೂ ಧರ್ಮದ ತಲೆಗೇ ಕಟ್ಟಬಾರದು. ತಾವು ಯಾವ ಧರ್ಮಕ್ಕೂ ಸೇರಿದವರಲ್ಲ ಎನ್ನುವ ಜಪಾನೀಯರು ಬಹಳ ಮಂದಿ ಇದ್ದಾರೆ, ಅವರೂ ಹಿರಿಯರ ಸಮಾಧಿಗೆ ನೀರೆರೆಯಲು ಹೋಗುತ್ತಾರೆ. ರಿಂಗುವಿನ ರೇಯ್‌ಕೊ ಗಂಡನಿಂದ ಬೇರೆಯಾಗಿ ಮಗನನ್ನು ಒಬ್ಬಳೇ ಸಾಕುತ್ತಿರುವ ಪತ್ರಕರ್ತೆ. ಜು-ಆನ್‌ನ ಮೂಲದಲ್ಲಿರುವುದು ಹೆಂಡತಿಯ ಮೇಲೆ ಗಂಡನ ಹಿಂಸೆ. ಒಡೆದ ಸಂಸಾರದ ಭಯವನ್ನು ಈ ಚಿತ್ರಗಳು ಪ್ರೇತದ ಹಳೆಯ ಭಾಷೆಯಲ್ಲಿ ಹೇಳುತ್ತಿವೆ.

ಪ್ರಶ್ನೆ: ಈ ದೆವ್ವಗಳೆಲ್ಲ ಬಿಳಿ ಉಡುಪು ತೊಟ್ಟು, ಮುಖದ ಮೇಲೆ ಕೂದಲು ಇಳಿಬಿಟ್ಟಿರುವುದು ಏಕೆ? ಒಬ್ಬರನ್ನು ನೋಡಿ ಇನ್ನೊಬ್ಬರು ನಕಲು ಮಾಡುತ್ತಿದ್ದಾರೆಯೆ?

ಉತ್ತರ: 1998ರ ನಂತರ ನಕಲು ಧಾರಾಳವಾಗಿ ನಡೆದಿದೆ, ಸುಳ್ಳೇಕೆ ಹೇಳಲಿ. ಆದರೆ ವೇಷ ಸಿನಿಮಾದವರು ಕಂಡುಹಿಡಿದದ್ದಲ್ಲ. ಜಪಾನಿನಲ್ಲಿ ಶವಕ್ಕೆ ತೊಡಿಸುತ್ತಿದ್ದುದು ಯಾತ್ರಿಕರ ಬಿಳಿ ಕಿಮೊನೊ, ಏಕೆಂದರೆ ಬೌದ್ಧ ನಂಬಿಕೆಯಂತೆ ಸತ್ತವರು ದೀರ್ಘ ಪಯಣಕ್ಕೆ ಹೊರಟವರು. ಬದುಕಿರುವವರು ಕಿಮೊನೊದ ಎಡ ಅಂಚನ್ನು ಬಲ ಅಂಚಿನ ಮೇಲೆ ತಂದು ಕಟ್ಟುತ್ತಾರೆ, ಶವಕ್ಕೆ ಮಾತ್ರ ಬಲ ಅಂಚು ಮೇಲೆ. ಹೆಂಗಸರು ಎತ್ತಿ ಕಟ್ಟಿದ ಮುಡಿಯೇ ಮರ್ಯಾದೆಯಾಗಿದ್ದ ಎದೊ ಕಾಲದಲ್ಲಿ (1603–1868) ಬಿಚ್ಚಿದ ಕೂದಲು ಬದುಕಿನ ಕಟ್ಟಳೆಗಳಿಂದ ಹೊರಬಿದ್ದುದರ ಗುರುತು.

ಇದೆಲ್ಲವನ್ನೂ ರಂಗದ ಮೇಲೆ ನಿಲ್ಲಿಸಿದ್ದು ಜಪಾನಿನ ಸಾಂಪ್ರದಾಯಿಕ ರಂಗಪ್ರಕಾರವಾದ ಕಬುಕಿ. ನಾಲ್ಕನೆಯ ತ್ಸುರುಯಾ ನಾನ್‌ಬೊಕು ಬರೆದು, 1825ರಲ್ಲಿ ಎದೊ ನಗರದಲ್ಲಿ (ಇಂದಿನ ಟೋಕಿಯೊ) ಮೊದಲು ಪ್ರದರ್ಶನಗೊಂಡ ‘ಯೋತ್ಸುಯಾ ಕೈದಾನ್’ ನಾಟಕದಲ್ಲಿ ಔಷಧವೆಂದು ಕೊಟ್ಟ ವಿಷ ಕುಡಿದ ಓಇವಾಳ ಮುಖ ವಿಕಾರವಾಗುತ್ತದೆ. ಕನ್ನಡಿಯ ಮುಂದೆ ಕೂತು ಅವಳು ತಲೆ ಬಾಚಿಕೊಳ್ಳತೊಡಗುತ್ತಾಳೆ; ಬಾಚಣಿಗೆ ಎಳೆದಂತೆಲ್ಲ ಕೂದಲು ಹಿಡಿಹಿಡಿಯಾಗಿ ಕಿತ್ತುಬರುತ್ತದೆ. ಅವಳಿನ್ನೂ ಸತ್ತಿಲ್ಲ, ಆದರೆ ನಮ್ಮ ಕಣ್ಣೆದುರೇ ಪ್ರೇತವಾಗುತ್ತಿದ್ದಾಳೆ. ಈ ನಾಟಕವನ್ನಾಗಲಿ ಇದರ ಚಿತ್ರರೂಪವನ್ನಾಗಲಿ ಕೈಗೆತ್ತಿಕೊಳ್ಳುವ ಕಲಾವಿದರು ಟೋಕಿಯೊದಲ್ಲಿ ಓಇವಾಳ ಹೆಸರಿನ ಸನ್ನಿಧಿಗೆ ಹೋಗಿ ನಮಿಸಿ ಬರುವ ವಾಡಿಕೆ ಇದೆ. ಸದಾಕೊಳ ತೊಡರು ನಡಿಗೆಯಂತೂ ಕ್ಯಾಮೆರಾದ ಕೈಚಳಕ: ನಟಿಯನ್ನು ಹಿಮ್ಮುಖವಾಗಿ ನಡೆಸಿ ಚಿತ್ರೀಕರಿಸಿ, ಅದನ್ನು ತಿರುಗಿಸಿ ಓಡಿಸಿದ್ದಾರೆ.

ಪ್ರಶ್ನೆ: ಹಿನ್ನೆಲೆ ತಿಳಿಯುವಂತೆ ನೋಡಬೇಕಾದರೆ ಯಾವ ಚಿತ್ರದಿಂದ ಆರಂಭಿಸಲಿ?

ಉತ್ತರ: ಮಸಾಕಿ ಕೊಬಯಾಶಿ ಅವರ ‘ಕ್ವೈದಾನ್’ (1964) ಚಿತ್ರದಿಂದ. ಮೂರು ಗಂಟೆಯ, ಅವಸರವಿಲ್ಲದ ಚಿತ್ರ. ಬೆಚ್ಚಿಬೀಳಿಸುವ ದೃಶ್ಯಗಳನ್ನು ಅದರಲ್ಲಿ ಹುಡುಕಬೇಡಿ. ಅದರ ನಾಲ್ಕು ಕಥೆಗಳಲ್ಲಿ ಹೋಇಚಿಯ ಕಥೆಯನ್ನು ಗಮನವಿಟ್ಟು ನೋಡಿ. ಬಿವಾ ವಾದ್ಯ ನುಡಿಸುತ್ತ ಹಾಡುವ ಈ ಕುರುಡ ಗಾಯಕನನ್ನು 1185ರ ದಾನ್‌ನೊಉರಾ ಕಡಲಕಾಳಗದಲ್ಲಿ ಸತ್ತ ಹೇಕೆ ವಂಶದ ಪ್ರೇತಗಳು ರಾತ್ರಿ ರಾತ್ರಿ ಕರೆಸಿಕೊಂಡು ತಮ್ಮ ಸೋಲಿನ ಕಥೆಯನ್ನೇ ಹಾಡಿಸಿ ಕೇಳುತ್ತವೆ. ಅವನನ್ನು ಕಾಪಾಡಲು ಭಿಕ್ಷುಗಳು ಮೈತುಂಬ ಪ್ರಜ್ಞಾಪಾರಮಿತಾ ಹೃದಯ ಸೂತ್ರವನ್ನು ಬರೆಯುತ್ತಾರೆ, ಕಿವಿಗಳ ಮೇಲೆ ಬರೆಯಲು ಮರೆಯುತ್ತಾರೆ. ಕರೆಯಲು ಬಂದ ಪ್ರೇತಕ್ಕೆ ಕಾಣುವುದು ಆ ಎರಡು ಕಿವಿಗಳು ಮಾತ್ರ. ಇಲ್ಲಿ ವಿಧಿ ಕೆಲಸ ಮಾಡುತ್ತದೆ, ಅದರಲ್ಲಿ ಲೋಪವಾದರೆ ತೆರಬೇಕಾದ ಬೆಲೆಯೂ ಗೊತ್ತಿರುತ್ತದೆ. ಅದಾದ ಮೇಲೆ ನೊಬುವೊ ನಕಾಗಾವಾ 1959ರಲ್ಲಿ ತೆರೆಗೆ ತಂದ ಓಇವಾಳ ಕಥೆಯನ್ನು ನೋಡಿ, ಆಮೇಲೆ ರಿಂಗುವನ್ನು ಇನ್ನೊಮ್ಮೆ ಹಾಕಿಕೊಳ್ಳಿ. ಅಮೆರಿಕದವರು 2002ರಲ್ಲಿ ಮಾಡಿದ ರೂಪಾಂತರವನ್ನು ಕೊನೆಗಿಟ್ಟುಕೊಂಡರೆ ಸಾಕು.